ಸ್ಲೈಡುಗಳ ನಾಮವೂ ರೂಪವೂ

ಪಾಠವನ್ನಾಗಲಿ ವರದಿಯನ್ನಾಗಲಿ ಸ್ಲೈಡುಗಳಲ್ಲಿ ರಚಿಸಿ, ಪ್ರೊಜೆಕ್ಟರಿನ ಮೂಲಕ ಪರದೆಯ ಮೇಲೆ ತೋರಿಸುವ ಪದ್ಧತಿಯು ಈಗ ಹಳ್ಳಿಹಳ್ಳಿಗೂ ಬಂದಿರುವುದು ವಾಚಕರಿಗೆ ತಿಳಿದ ವಿಷಯವೇ ಸರಿ. ಉಡುಪಿ ಜಿಲ್ಲೆಯ ಬಡಗಣ ಗಡಿಯಲ್ಲಿರುವ ನಮ್ಮ ಶಿರೂರಿನಲ್ಲಿ, ಮನೆಯ ಕಂಪ್ಯೂಟರಿನಲ್ಲಿ ರಚಿಸಿದ ಸ್ಲೈಡುಗಳನ್ನು ಪೆನ್ ಡ್ರೈವಿನಲ್ಲಿಟ್ಟುಕೊಂಡು ಬೈಂದೂರು, ಕುಂದಾಪುರಗಳಿಗೂ, ಗಡಿಯಾಚೆಯ ಭಟ್ಕಳಕ್ಕೂ ಹೋಗುವ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಇದ್ದಾರೆ. ಮನೆಯಲ್ಲಿ ಅಚ್ಚುಕಟ್ಟಾಗಿ ಕಂಡ ಪುಟವು ಸಭೆಯಲ್ಲಿ ತೆರೆದಾಗ, ಸಾಲುಗಳು ಚೌಕಟ್ಟನ್ನು ಮೀರಿ ಚಿತ್ರದ ಮೇಲೆ ಏರಿರುತ್ತವೆ. ಶೀರ್ಷಿಕೆಯು ಎರಡಾಗಿ ಒಡೆದಿರುತ್ತದೆ. ಒಂದು ವಾರ ಶ್ರಮಪಟ್ಟ ಬಾಲಕಿಯು ತೀರ್ಪುಗಾರರ ಮುಂದೆ ಮಾತು ತಡವರಿಸಿ ನಿಲ್ಲುತ್ತಾಳೆ. ಇದಕ್ಕೆ ಕಾರಣವೇನೆಂದು ತಿಳಿದರೆ ಪರಿಹಾರವು ಕಠಿಣವಲ್ಲ.

ನಮ್ಮ ಶಾಸ್ತ್ರಕಾರರು ವಸ್ತುವನ್ನು ವಿಚಾರಿಸುವಾಗ ನಾಮ, ರೂಪ ಎಂಬ ಎರಡನ್ನು ಬೇರೆಬೇರೆಯಾಗಿ ಎಣಿಸುವರು. ಸ್ಲೈಡಿನ ಕಡತದಲ್ಲಿಯೂ ಈ ಭೇದವಿದೆ. ಫಾಂಟ್ ಎಂದರೆ ಅಕ್ಷರಗಳ ಆಕೃತಿಗಳ ಸಮೂಹವು. ಸಾಮಾನ್ಯವಾಗಿ ಕಡತದೊಳಗೆ ಫಾಂಟಿನ ಹೆಸರು ಮಾತ್ರ ಬರೆದಿರುತ್ತದೆ. ಆಕೃತಿಗಳು ಆಯಾ ಕಂಪ್ಯೂಟರಿನಲ್ಲಿಯೇ ಇರತಕ್ಕವು. ಹೆಸರಿಗೆ ತಕ್ಕ ಫಾಂಟ್ ಅಲ್ಲಿಲ್ಲದಿದ್ದರೆ ಯಂತ್ರವು ತನಗೆ ತೋರಿದ ಬೇರೊಂದನ್ನು ಅದರ ಸ್ಥಾನದಲ್ಲಿ ಇರಿಸುತ್ತದೆ.

ಹೀಗೆ ಒಂದರ ಸ್ಥಾನಕ್ಕೆ ಇನ್ನೊಂದು ಬರುವುದನ್ನು ವ್ಯಾಕರಣದಲ್ಲಿ ಆದೇಶವೆನ್ನುವರು. ಮಳೆ, ಕಾಲ ಎಂಬವು ಕೂಡಿ ಮಳೆಗಾಲವಾಗುವಾಗ ಕಕಾರದ ಸ್ಥಾನಕ್ಕೆ ಗಕಾರವು ಬರುತ್ತದೆ; ಮಾತ್ರೆಯ ಲೆಕ್ಕವು ಕೆಡುವುದಿಲ್ಲ. ಕಂಪ್ಯೂಟರಿನ ಆದೇಶಕ್ಕೆ ಈ ಕಟ್ಟುಪಾಡಿಲ್ಲ. ಹೊಸದಾಗಿ ಬಂದ ಅಕ್ಷರವು ತುಸು ಅಗಲವಾಗಿದ್ದರೂ ಸಾಕು, ಒಂದು ಪದವು ಕೆಳಗಿನ ಸಾಲಿಗೆ ಇಳಿಯುವುದು. ಆ ಸಾಲು ಮತ್ತೊಂದನ್ನು ತಳ್ಳುವುದು. ಕಡೆಗೆ ಪುಟವೇ ಅಸ್ತವ್ಯಸ್ತವಾಗುವುದು.

ಕನ್ನಡಕ್ಕೆ ಈ ತೊಂದರೆಯು ಹೆಚ್ಚು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಫಾಂಟ್ ಬಂದಿತು. 2012ರ ವಿಂಡೋಸ್ 8ರೊಡನೆ 'ನಿರ್ಮಲಾ' ಬಂದಿತು. 2015ರ ವಿಂಡೋಸ್ 10ರಿಂದೀಚೆಗೆ ತುಂಗಾ ಎಲ್ಲ ಯಂತ್ರಗಳಲ್ಲಿಯೂ ತಾನಾಗಿ ಇರುವುದಿಲ್ಲ. ಬೇಕಾದವರು ಪ್ರತ್ಯೇಕವಾಗಿ ಸೇರಿಸಿಕೊಳ್ಳತಕ್ಕದ್ದು. ಆದುದರಿಂದ ಹಳೆಯ ಯಂತ್ರದಲ್ಲಿ ತುಂಗಾದಿಂದ ರಚಿಸಿದ ಪಾಠವು ಹೊಸ ಯಂತ್ರದಲ್ಲಿ ಬೇರೆ ಉಡುಪಿನಲ್ಲಿ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಇನ್ನು ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳನ್ನು ನೋಡಿರಿ. ಕೇರಳ ರಾಜ್ಯದ ಪದ್ಧತಿಯಂತೆ ಅಲ್ಲಿ ಲಿನಕ್ಸ್ ವ್ಯವಸ್ಥೆಯೂ ಲಿಬ್ರೆಆಫೀಸ್ ತಂತ್ರಾಂಶವೂ ಬಳಕೆಯಲ್ಲಿವೆ. ನಮ್ಮ ಕಡೆಯವರು ವಿಂಡೋಸಿನಲ್ಲಿ ಮಾಡಿದ ಕನ್ನಡ ಪಾಠವನ್ನು ಅಲ್ಲಿಯ ಬಂಧುಗಳಿಗೆ ಕಳುಹಿದರೆ, ಭಾಷೆಯು ಒಂದೇ ಆದರೂ ಪುಟದ ವಿನ್ಯಾಸವು ಉಳಿದೀತೆಂಬ ಭರವಸೆಯಿಲ್ಲ.

ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಪಾಠಗಳ ಸ್ಥಿತಿಯು ಇದಕ್ಕಿಂತಲೂ ಚಿಂತಾಜನಕವು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದರು. ಫಾಂಟ್ ಇಲ್ಲದ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ರೂಪದೊಡನೆ ನಾಮವೂ ಹೋಗಿ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆಯು ಮಾತ್ರ ಕಾಣುವುದು. 1991ರಲ್ಲಿ ಪ್ರಕಟವಾದ ಯುನಿಕೋಡ್ ವ್ಯವಸ್ಥೆಯು ಕನ್ನಡದ ಒಂದೊಂದು ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯನ್ನು ಕೊಟ್ಟಿತು. ಕಕಾರದ ಸಂಖ್ಯೆ 3221. ಅದು ಲೋಕದ ಯಾವ ಯಂತ್ರದಲ್ಲಿಯೂ ಕಕಾರವೇ. ಮನೆಯಲ್ಲಿ ಹಳೆಯ ಪಾಠಗಳೋ ವಂಶಾವಳಿಯೋ ಆ ಫಾಂಟುಗಳಲ್ಲಿದ್ದರೆ, ಓದಬಲ್ಲ ಯಂತ್ರವು ಇರುವಾಗಲೇ ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತರಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ವಿನ್ಯಾಸವನ್ನು ಉಳಿಸಿಕೊಳ್ಳಲು ಉಪಾಯವೇನು? ನಾಲ್ಕನ್ನು ಹೇಳಬಹುದು.

ಮೊದಲನೆಯದು, ಎರಡು ಕಡೆಯಲ್ಲಿಯೂ ಇರುವ ಫಾಂಟನ್ನೇ ಆರಿಸುವುದು. ಗೂಗಲ್ ಸಂಸ್ಥೆಯ 'ನೋಟೋ ಸ್ಯಾನ್ಸ್ ಕನ್ನಡ'ವು ಉಚಿತವಾದುದು, ವಿಂಡೋಸ್ ಲಿನಕ್ಸ್ ಎರಡರಲ್ಲಿಯೂ ನಡೆಯತಕ್ಕದ್ದು. ಪೆನ್ ಡ್ರೈವಿನಲ್ಲಿ ಸ್ಲೈಡುಗಳೊಡನೆ ಅದನ್ನೂ ಇರಿಸಿಕೊಂಡು, ಹೋದ ಕಡೆ ಅನುಮತಿ ಪಡೆದು ಯಂತ್ರಕ್ಕೆ ಸೇರಿಸಬಹುದು.

ಎರಡನೆಯದು, ರೂಪವನ್ನು ಕಡತದೊಳಗೆಯೇ ಸೇರಿಸುವುದು. ವಿಂಡೋಸಿನ ಪವರ್‌ಪಾಯಿಂಟಿನಲ್ಲಿ ಫೈಲ್, ಆಪ್ಷನ್ಸ್, ಸೇವ್ ಎಂಬ ಕ್ರಮದಲ್ಲಿ ಹೋದರೆ 'ಎಂಬೆಡ್ ಫಾಂಟ್ಸ್ ಇನ್ ದ ಫೈಲ್' ಎಂಬ ಆಯ್ಕೆಯಿದೆ. ಬಳಸಿದ ಅಕ್ಷರಗಳನ್ನು ಮಾತ್ರ ಸೇರಿಸಿದರೆ ಕಡತವು ಚಿಕ್ಕದಾಗುವುದು. ಇನ್ನೊಬ್ಬರು ತಿದ್ದಬೇಕಾಗಿದ್ದರೆ ಎಲ್ಲ ಅಕ್ಷರಗಳನ್ನೂ ಸೇರಿಸಬೇಕು. ಕೆಲವು ಫಾಂಟುಗಳ ಒಡೆಯರು ಇದಕ್ಕೆ ಸಮ್ಮತಿ ಕೊಟ್ಟಿರುವುದಿಲ್ಲವೆಂಬುದು ನೆನಪಿರಲಿ.

ಮೂರನೆಯದು, ಪುಟದ ಅಳತೆ ಮತ್ತು ಅವಕಾಶ. 2013ರಿಂದ ಪವರ್‌ಪಾಯಿಂಟಿನ ಹೊಸ ಸ್ಲೈಡು ತಾನಾಗಿಯೇ 16ಕ್ಕೆ 9ರ ಪ್ರಮಾಣದಲ್ಲಿರುತ್ತದೆ. ಹಳೆಯದು 4ಕ್ಕೆ 3. ಪರದೆಯ ಪ್ರಮಾಣವನ್ನು ಮೊದಲೇ ವಿಚಾರಿಸಿಕೊಂಡು ರಚಿಸಬೇಕು. ಕಡೆಯ ಗಳಿಗೆಯಲ್ಲಿ ಬದಲಿಸಿದರೆ ಚಿತ್ರ ಬರಹಗಳು ಸ್ಥಾನ ತಪ್ಪುತ್ತವೆ. ಬರೆಹದ ಚೌಕಟ್ಟಿನಲ್ಲಿ ತುಸು ಜಾಗವು ಬರಿದಾಗಿರಲಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಸಾಲುಗಳನ್ನು ಇರುಕಿಸಬಾರದು. ಒತ್ತು ಮರೆಯಾದರೆ 'ಕತ್ತೆ'ಯು 'ಕತೆ'ಯಾಗಿ, ಸಭೆಯಲ್ಲಿ ನಗೆಗೆ ಕಾರಣವಾದೀತು!

ನಾಲ್ಕನೆಯದು ಆಪದ್ಧರ್ಮವು: ಅದೇ ಸ್ಲೈಡುಗಳ ಪಿಡಿಎಫ್ ಪ್ರತಿಯೊಂದನ್ನು ಜೊತೆಯಲ್ಲಿ ಒಯ್ಯುವುದು. 1993ರಲ್ಲಿ ಅಡೋಬಿ ಸಂಸ್ಥೆಯು ಹೊರತಂದ ಈ ಮಾದರಿಯಲ್ಲಿ ಅಕ್ಷರಗಳ ಆಕೃತಿಗಳನ್ನು ಕಡತದೊಳಗೇ ಸೇರಿಸಬಹುದಾದ್ದರಿಂದ ವಿನ್ಯಾಸವು ಕದಲದು. ಚಲನೆ, ಧ್ವನಿಗಳು ಮಾತ್ರ ಸಾಮಾನ್ಯವಾಗಿ ಉಳಿಯುವುದಿಲ್ಲ. ಮುಂದೆ ತಿದ್ದುವುದೂ ಸುಲಭವಲ್ಲ. ಆದಕಾರಣ ಮೂಲವನ್ನು ಬಿಸುಡಬಾರದು.

ಇವೆಲ್ಲವನ್ನೂ ಮಾಡಿದ ಮೇಲೆಯೂ, ಸಭೆಗೆ ಅರ್ಧಗಂಟೆ ಮುಂಚೆ ಹೋಗಿ ಅಲ್ಲಿಯ ಯಂತ್ರದಲ್ಲಿಯೇ ಮೊದಲಿನಿಂದ ಕಡೆಯವರೆಗೆ ಒಮ್ಮೆ ನೋಡಿಕೊಳ್ಳತಕ್ಕದ್ದು. ಯಕ್ಷಗಾನದ ವೇಷಧಾರಿಯು ಬಣ್ಣದ ಸಾಮಗ್ರಿಯನ್ನು ಆಟ ನಡೆಯುವ ಊರಿನಲ್ಲಿ ಹುಡುಕುತ್ತ ಹೋಗುವುದಿಲ್ಲ. ತನ್ನ ಪೆಟ್ಟಿಗೆಯಲ್ಲಿಯೇ ತರುತ್ತಾನೆ. ಚೌಕಿಯಲ್ಲಿ ಕನ್ನಡಿಯನ್ನೂ ನೋಡಿಕೊಳ್ಳುತ್ತಾನೆ. ಮಕ್ಕಳ ಕೈಯಲ್ಲಿ ಸ್ಲೈಡುಗಳನ್ನು ಕೊಟ್ಟು ಕಳುಹುವ ಗೃಹಸ್ಥರೂ ಅಷ್ಟು ಮಾಡಿದರೆ ಸಾಕು. ಮಗುವು ಕಲಿತದ್ದು ಸಭೆಗೆ ತಲಪುವುದು; ಕನ್ನಡದ ಅಕ್ಷರವು ಎಲ್ಲಿ ಹೋದರೂ ತನ್ನ ಮೊಗದಿಂದಲೇ ಗುರುತಿಸಲ್ಪಡುವುದು.