ವಿಯೆಟ್ನಾಮೀ ವಿದ್ಯಾರ್ಥಿಯ ಇಂಗ್ಲಿಷ್ ಶಬ್ದಾರ್ಜನೆ

ಪರಭಾಷೆಯನ್ನು ಕಲಿಯುವವನಿಗೆ ಅದರ ವ್ಯಾಕರಣದ ಮುಖ್ಯ ಸೂತ್ರಗಳು ಕೆಲವು ವರ್ಷಗಳ ಅಭ್ಯಾಸದಿಂದ ವಶವಾಗುತ್ತವೆ. ಶಬ್ದಗಳಿಗೆ ಮಾತ್ರ ಕೊನೆಯೆಂಬುದಿಲ್ಲ. ಈ ಭಾರವು ಎಲ್ಲರ ಮೇಲೂ ಸಮನಾಗಿ ಬೀಳತಕ್ಕದ್ದೂ ಅಲ್ಲ. ಇಂಗ್ಲಿಷ್ ಕಲಿಯುವ ಸ್ಪ್ಯಾನಿಷ್ ವಿದ್ಯಾರ್ಥಿಯು ಲ್ಯಾಟಿನ್ ಮೂಲದ ಸಾವಿರಾರು ಶಬ್ದಗಳನ್ನು ತನ್ನ ಮನೆಯಿಂದಲೇ ತಂದಿರುತ್ತಾನೆ. ಕನ್ನಡದ ಹುಡುಗನು ಪಾಠ ಆರಂಭವಾಗುವ ಮೊದಲೇ ಬಸ್ಸು, ಟಿಕೆಟ್ಟು, ಪೆನ್ಸಿಲುಗಳನ್ನು ಬಲ್ಲನು. ವಿಯೆಟ್ನಾಮೀ ಬಾಲಕನಿಗೆ ಇಂತಹ ಅನುಕೂಲ ಬಹು ಸ್ವಲ್ಪ. ಫ್ರೆಂಚರ ಆಳ್ವಿಕೆಯ ಕಾಲದಲ್ಲಿ ಬಂದ 'ಕಾ ಫೇ', 'ಸಿ ಮಾಂಗ್' ಮೊದಲಾದ ಮಾತುಗಳು ಕಾಫಿ, ಸಿಮೆಂಟುಗಳೊಡನೆ ನೆಂಟಸ್ತಿಕೆಯನ್ನು ತೋರಿದರೂ ಅವುಗಳ ಸಂಖ್ಯೆ ಹೆಚ್ಚಲ್ಲ.

ಆ ದೇಶದಲ್ಲಿ 2008ರಲ್ಲಿ ವಿದೇಶೀ ಭಾಷಾಶಿಕ್ಷಣದ ರಾಷ್ಟ್ರೀಯ ಯೋಜನೆಯೊಂದು ಆರಂಭವಾಯಿತು. 2022-23ರ ಶಾಲಾವರ್ಷದಿಂದ ಮೂರನೆಯ ತರಗತಿಯಲ್ಲಿಯೇ ವಿದೇಶೀ ಭಾಷೆಯು ಕಡ್ಡಾಯವಾಗಿದೆ. ಬಹುಪಾಲು ಶಾಲೆಗಳಲ್ಲಿ ಆ ಭಾಷೆ ಇಂಗ್ಲಿಷೇ. ಹೀಗೆ ಅಸಂಖ್ಯಾತ ಮಕ್ಕಳು ತಮ್ಮ ಬಾಲ್ಯದ ದೊಡ್ಡದೊಂದು ಭಾಗವನ್ನು ಶಬ್ದಗಳ ಉರುಹೊಡೆಯುವಿಕೆಯಲ್ಲಿ ಕಳೆಯುವುದರಿಂದ, ಅವರ ಮಾತೃಭಾಷೆಯಿಂದ ಈ ಕಾರ್ಯಕ್ಕೆ ನೆರವು ದೊರೆಯುವುದೇ ಎಂಬ ಪ್ರಶ್ನೆಯು ವಿಚಾರಾರ್ಹವಾಗಿದೆ. ದೊರೆಯದೆಂಬುದು ಸಾಮಾನ್ಯ ಅಭಿಪ್ರಾಯ. ದೊರೆಯುತ್ತದೆ, ಆದರೆ ಜನರು ಹುಡುಕುವ ಎಡೆಯಲ್ಲಲ್ಲ ಎಂಬುದು ನಮ್ಮ ಮತ.

ವಿಯೆಟ್ನಾಮೀಯು ಆಸ್ಟ್ರೋ-ಏಷ್ಯಾಟಿಕ್ ವರ್ಗಕ್ಕೆ ಸೇರಿದ ಭಾಷೆ. ನಮ್ಮ ದೇಶದ ಖಾಸಿ, ಸಂತಾಲಿಗಳು ಅದರ ದೂರದ ದಾಯಾದಿಗಳು. ಇದರಲ್ಲಿ ವಿಭಕ್ತಿ, ವಚನ, ಕಾಲ ಯಾವುದಕ್ಕೂ ಶಬ್ದವು ರೂಪ ಬದಲಿಸುವುದಿಲ್ಲ. ಬರೆವಣಿಗೆಯಲ್ಲಿ ಒಂದೊಂದು ಅಕ್ಷರಘಟಕವೂ ಬಿಡಿಯಾಗಿ ನಿಲ್ಲುತ್ತದೆ. ಹೆಚ್ಚು ಕಡಮೆ ಪ್ರತಿಯೊಂದು ಘಟಕಕ್ಕೂ ತನ್ನದೇ ಅರ್ಥವಿದ್ದು, ಹೊಸ ಪದಗಳು ಇವುಗಳ ಜೋಡಣೆಯಿಂದ ಹುಟ್ಟುತ್ತವೆ. 'ಸೆ' ಎಂದರೆ ಬಂಡಿ. ತುಳಿಯುವ ಬಂಡಿ 'ಸೆ ದಾಪ್', ಅದು ಬೈಸಿಕಲ್ಲು. ಬೆಂಕಿಯ ಬಂಡಿ 'ಸೆ ಲುಅ', ಅದು ರೈಲು. ಯಂತ್ರದ ಬಂಡಿ 'ಸೆ ಮಯ್', ಅದು ಮೋಟಾರು ಸೈಕಲ್ಲು. ಹಾರುವ ಯಂತ್ರ 'ಮಯ್ ಬಯ್', ಅಂದರೆ ವಿಮಾನ. ತಣ್ಣನೆಯ ಕಪಾಟು 'ತು ಲಞ್', ಅಂದರೆ ಶೀತಪೆಟ್ಟಿಗೆ. (ಕನ್ನಡ ಲಿಪಿಯಲ್ಲಿ ಈ ಭಾಷೆಯ ಆರು ಬಗೆಯ ಸ್ವರದ ಏರಿಳಿತಗಳನ್ನು ತೋರಿಸಲು ಸಾಧನವಿಲ್ಲವಾದ್ದರಿಂದ ಇಲ್ಲಿನ ರೂಪಗಳನ್ನು ಸ್ಥೂಲವೆಂದು ವಾಚಕರು ತಿಳಿಯಬೇಕು.) ಇಂತಹ ಭಾಷೆಯಲ್ಲಿ ಬೆಳೆದವನಿಗೆ ಶಬ್ದವೆಂಬುದು ಒಳಗನ್ನು ತೋರುವ ಗಾಜಿನ ಪಾತ್ರೆ. ಬೈಸಿಕಲ್, ಟ್ರೈನ್, ಕಾರ್ ಎಂಬ ಪದಗಳು ತಮ್ಮ ಒಳಗನ್ನು ಅವನಿಗೆ ತೋರಿಸುವುದಿಲ್ಲ; ಒಂದರ ಗುರುತು ಇನ್ನೊಂದರಲ್ಲಿ ಇಲ್ಲ. ಪ್ರತಿಯೊಂದನ್ನೂ ಬೇರೆಬೇರೆಯಾಗಿಯೇ ಹೊರಬೇಕು.

ಇದಕ್ಕೆ ಉಚ್ಚಾರಣೆಯ ತೊಡಕೂ ಸೇರುತ್ತದೆ. ವಿಯೆಟ್ನಾಮೀ ಪದದ ಕೊನೆಯಲ್ಲಿ ಬರಬಹುದಾದ ವ್ಯಂಜನಗಳು ಕೆಲವೇ. ಪ, ತ, ಕಗಳು ಬಂದರೂ ಬಾಯಿ ಮುಚ್ಚಿದಲ್ಲಿಗೇ ನಿಂತುಹೋಗುತ್ತವೆ, ಬಿಡುಗಡೆಯಾಗುವುದಿಲ್ಲ. ಸಕಾರ, ಲಕಾರಗಳು ಪದಾಂತ್ಯದಲ್ಲಿ ಬರುವುದೇ ಇಲ್ಲ. ಆದುದರಿಂದ ಇಂಗ್ಲಿಷಿನ ಪ್ರೈಸ್, ಪ್ರೈಜ್, ಪ್ರೈಡ್ ಎಂಬ ಮೂರು ಪದಗಳು ಹೊಸಬನ ಬಾಯಲ್ಲಿ ಒಂದೇ ಆಗುವ ಸಂಭವವುಂಟು. ಇದನ್ನು ಕೇವಲ ಉಚ್ಚಾರದೋಷವೆಂದು ಎಣಿಸುವುದು ಸರಿಯಲ್ಲ. ಬಾಯಲ್ಲಿ ಒಂದಾದುದು ಕಿವಿಯಲ್ಲಿಯೂ ಒಂದಾಗುತ್ತದೆ. ಕಿವಿಯಲ್ಲಿ ಒಂದಾದುದು ನೆನಪಿನಲ್ಲಿ ಮೂರಾಗಿ ನಿಲ್ಲಲಾರದು. ಪುಸ್ತಕದಲ್ಲಿ ಕಂಡಾಗ ಗುರುತಿಸುವ ಪದವನ್ನೇ ಸಂಭಾಷಣೆಯಲ್ಲಿ ಹಿಡಿಯಲಾರದ ವಿದ್ಯಾರ್ಥಿಯ ಕಷ್ಟಕ್ಕೆ ಇದು ಒಂದು ಮುಖ್ಯ ಕಾರಣ.

ಇನ್ನು ನೆರವಿನ ವಿಷಯ. ಹತ್ತನೆಯ ಶತಮಾನದವರೆಗೆ ಸುಮಾರು ಸಾವಿರ ವರ್ಷ ಚೀನಾದ ಆಳ್ವಿಕೆಗೂ, ಆ ಬಳಿಕ ದೀರ್ಘಕಾಲ ಚೀನೀ ವಿದ್ಯೆಯ ಪ್ರಭಾವಕ್ಕೂ ಒಳಗಾದ ಈ ನಾಡಿನಲ್ಲಿ, ಚೀನೀ ಮೂಲದ ಶಬ್ದಗಳ ದೊಡ್ಡ ಸ್ತರವೊಂದು ದೇಶ್ಯದ ಮೇಲೆ ನೆಲೆಗೊಂಡಿದೆ. ಇದನ್ನು 'ಹಾನ್-ವಿಯೆತ್' ಎನ್ನುವರು. ಮನೆ, ಹೊಲ, ಅಡುಗೆಗಳ ಮಾತು ದೇಶ್ಯ. ಶಾಸ್ತ್ರ, ಆಡಳಿತ, ವಿಚಾರಗಳ ಮಾತು ಹಾನ್-ವಿಯೆತ್. ಕನ್ನಡದಲ್ಲಿ ಅಚ್ಚಗನ್ನಡಕ್ಕೂ ಸಂಸ್ಕೃತ ತತ್ಸಮಗಳಿಗೂ ಇರುವ ಸಂಬಂಧವೇ ಇದು. ಇಂಗ್ಲಿಷಿನಲ್ಲಿ ಜರ್ಮಾನಿಕ್ ಮೂಲದ ದಿನಬಳಕೆಯ ಮಾತುಗಳಿಗೂ ಗ್ರೀಕ್-ಲ್ಯಾಟಿನ್ ಮೂಲದ ಶಾಸ್ತ್ರಪದಗಳಿಗೂ ಇರುವುದು ಅದೇ ಸಂಬಂಧವೆಂಬುದನ್ನು ಗಮನಿಸಬೇಕು.

ಈ ಸಾದೃಶ್ಯವು ಕೇವಲ ಹೊರಗಿನದಲ್ಲ; ಪದಗಳ ಒಳರಚನೆಯಲ್ಲಿಯೂ ಕಾಣುತ್ತದೆ. ಜೀವಶಾಸ್ತ್ರಕ್ಕೆ ವಿಯೆಟ್ನಾಮಿಯಲ್ಲಿ 'ಸಿಞ್ ಹೊಕ್' ಎಂದು ಹೆಸರು: 'ಸಿಞ್' ಜೀವ, 'ಹೊಕ್' ವಿದ್ಯೆ. ಬಯಾಲಜಿಯಲ್ಲಿರುವುದೂ ಇವೇ ಎರಡು ಭಾಗಗಳು. 'ವಿಯೆನ್' ಎಂದರೆ ದೂರ. ದೂರಸಂಪರ್ಕಕ್ಕೆ 'ವಿಯೆನ್ ಥೋಂಗ್', ದೂರದರ್ಶಕಕ್ಕೆ 'ಕಿಞ್ ವಿಯೆನ್ ವೋಂಗ್', ಅಂದರೆ ದೂರ ನೋಡುವ ಗಾಜು. ಇಂಗ್ಲಿಷಿನ 'ಟೆಲಿ' ಎಂಬ ಪೂರ್ವಪದವು ಮಾಡುವ ಕೆಲಸವನ್ನೇ ಇದು ಮಾಡುತ್ತದೆ. 'ವೋ' ಎಂದರೆ ಇಲ್ಲದ, 'ಜಞ್' ಎಂದರೆ ಹೆಸರು. 'ವೋ ಜಞ್' ಎಂಬುದು ಅನಾಮಧೇಯ, ಇಂಗ್ಲಿಷಿನ ಅನಾನಿಮಸ್. 'ತಾಯ್' ಎಂಬುದು 'ಮರಳಿ' ಎಂಬರ್ಥದ 'ರೀ' ಉಪಸರ್ಗಕ್ಕೆ ಸಮ. 'ತಾಯ್ ಬಾನ್' ಎಂದರೆ ಮರುಮುದ್ರಣ. ಕೊನೆಯಲ್ಲಿ ಹತ್ತುವ 'ಹ್ವಾ' ಎಂಬುದು ನಮ್ಮ '-ಈಕರಣ'ದಂತೆ, ಇಂಗ್ಲಿಷಿನ 'ಐಜ್'ನಂತೆ. 'ಹಿಯೆನ್ ದಾಯ್' ಆಧುನಿಕ, 'ಹಿಯೆನ್ ದಾಯ್ ಹ್ವಾ' ಆಧುನಿಕೀಕರಣ. ಧ್ವನಿಯಲ್ಲಿ ಯಾವ ಹೋಲಿಕೆಯೂ ಇಲ್ಲದಿದ್ದರೂ ಇಟ್ಟಿಗೆಗಳನ್ನು ಜೋಡಿಸಿದ ಕ್ರಮ ಒಂದೇ. ಆಗಲೇ ಹತ್ತಿಪ್ಪತ್ತು ಹಾನ್-ವಿಯೆತ್ ಧಾತುಗಳ ಅರ್ಥ ಬಲ್ಲ ವಿದ್ಯಾರ್ಥಿಗೆ ಇಂಗ್ಲಿಷಿನ ಅಷ್ಟೇ ಸಂಖ್ಯೆಯ ಧಾತುಗಳನ್ನು ಒಂದಕ್ಕೊಂದು ಎದುರಿಟ್ಟು ತೋರಿಸಿದರೆ, ಅವನು ಕಲಿಯುವುದು ಇಪ್ಪತ್ತು ಪದಗಳನ್ನಲ್ಲ, ನೂರಾರು ಪದಗಳ ಕೀಲಿಯನ್ನು.

ಆದರೆ ಈ ಕೀಲಿಯು ಇಂದಿನ ವಿದ್ಯಾರ್ಥಿಯ ಕೈಯಲ್ಲಿ ಸಿದ್ಧವಾಗಿಲ್ಲವೆಂಬುದನ್ನು ಒಪ್ಪಬೇಕು. ಚೀನೀ ಲಿಪಿಯ ವಿದ್ಯೆಯನ್ನು ಆಶ್ರಯಿಸಿದ್ದ ರಾಜಾಧಿಕಾರದ ಪರೀಕ್ಷೆಗಳು 1919ರಲ್ಲಿ ಕೊನೆಗೊಂಡುವು. ಮಿಷನರಿಗಳು ರೂಪಿಸಿದ ರೋಮನ್ ಲಿಪಿಯೇ ಸರ್ವತ್ರ ನೆಲೆಗೊಂಡಿತು. ಆ ಲಿಪಿಯ ಮೊದಲ ದೊಡ್ಡ ನಿಘಂಟನ್ನು ಅಲೆಕ್ಸಾಂಡ್ರ್ ದ ರೋಡ್ ಎಂಬ ಪಾದ್ರಿಯು 1651ರಲ್ಲಿ ರೋಮಿನಲ್ಲಿ ಅಚ್ಚುಹಾಕಿಸಿದ್ದನು. ರೋಮನ್ ಲಿಪಿಯು ಅಕ್ಷರಸ್ಥರನ್ನು ಹೆಚ್ಚಿಸಿತು, ಅದರಲ್ಲಿ ಸಂದೇಹವಿಲ್ಲ. ಆದರೆ ಚೀನೀ ಲಿಪಿಯಲ್ಲಿ ಬೇರೆಬೇರೆಯಾಗಿ ಕಾಣುತ್ತಿದ್ದ ಧಾತುಗಳು ಇಲ್ಲಿ ಒಂದೇ ಆಗಿ ಕಾಣತೊಡಗಿದುವು. 'ಫಿ ಕೋಂಗ್' ಎಂದರೆ ವಿಮಾನಚಾಲಕ, 'ಫಿ ಫಾಪ್' ಎಂದರೆ ಕಾನೂನಿಗೆ ವಿರುದ್ಧವಾದುದು. ಮೊದಲಿನ 'ಫಿ' ಹಾರುವುದು, ಎರಡನೆಯ 'ಫಿ' ಅಲ್ಲದ್ದು. ಈ ಪದಗಳನ್ನು ದಿನವೂ ಬಳಸುವ ಬಾಲಕನು ಅವುಗಳನ್ನು ಬಿಡಿಸಿ ನೋಡಿರುವುದಿಲ್ಲ. ಆದುದರಿಂದ ಇಂಗ್ಲಿಷಿನ ಧಾತುಪಾಠವು ವಿಯೆಟ್ನಾಮೀ ಪಾಠದ ಕೊಠಡಿಯಲ್ಲಿಯೇ ಮೊದಲಾಗಬೇಕಾಗುತ್ತದೆ. ಎರಡು ಭಾಷೆಗಳ ಅಧ್ಯಾಪಕರು ಒಬ್ಬರಿಗೊಬ್ಬರು ಮಾತನಾಡದ ಶಾಲೆಯಲ್ಲಿ ಇದು ನಡೆಯುವಂತಿಲ್ಲ. ಅಂತಹ ಶಾಲೆಗಳು ಯಾವ ದೇಶಕ್ಕೂ ಅಪರೂಪವಲ್ಲ.

ಈ ವಿಧಾನಕ್ಕೆ ಮಿತಿಯೂ ಉಂಟು. ಮೈಕೆಲ್ ವೆಸ್ಟನು 1953ರಲ್ಲಿ ಪ್ರಕಟಿಸಿದ ಸುಮಾರು 2000 ಮೂಲಪದಗಳ ಪಟ್ಟಿಯಲ್ಲಿ ದಿನಬಳಕೆಯ ಚಿಕ್ಕ ಜರ್ಮಾನಿಕ್ ಪದಗಳು ಬಹಳ. ಅಲ್ಲಿ ಧಾತುವಿಭಜನೆಯಿಂದ ಪ್ರಯೋಜನ ಕಡಮೆ. ಆವರಿಲ್ ಕಾಕ್ಸ್‌ಹೆಡ್ ಎಂಬಾಕೆ 2000ದಲ್ಲಿ ಪ್ರಕಟಿಸಿದ ಶಾಸ್ತ್ರೀಯ ಬರೆಹಗಳ 570 ಪದಕುಟುಂಬಗಳ ಪಟ್ಟಿಯಲ್ಲಿ ಬಹುಪಾಲು ಗ್ರೀಕ್-ಲ್ಯಾಟಿನ್ ಮೂಲದವು; ಹಾನ್-ವಿಯೆತ್ತಿನ ನೆರವು ಫಲಿಸುವುದು ಅಲ್ಲಿ. ಅಂದರೆ ಈ ಉಪಾಯವು ಪ್ರೌಢಶಾಲೆಯ ಕೊನೆಯ ತರಗತಿಗಳಿಗೂ ವಿಶ್ವವಿದ್ಯಾಲಯಕ್ಕೂ ತಕ್ಕದ್ದೇ ಹೊರತು ಮೂರನೆಯ ತರಗತಿಯ ಮಗುವಿಗೆ ಅಲ್ಲ.

ಆ ಮಗುವಿನ ಕೈಯಲ್ಲಿರುವುದು ಎರಡು ಕಲಮುಗಳ ನೋಟುಪುಸ್ತಕ: ಎಡಗಡೆ ಇಂಗ್ಲಿಷ್, ಬಲಗಡೆ ವಿಯೆಟ್ನಾಮೀ. ಇದನ್ನು ಅನೇಕರು ಹಳಿಯುತ್ತಾರೆ, ನಾವು ಹಳಿಯಲಾರೆವು. ಮೊದಮೊದಲು ಅರ್ಥವನ್ನು ಹಿಡಿಯಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಆದರೆ ಎಡಕ್ಕೂ ಬಲಕ್ಕೂ ಸಮಚಿಹ್ನೆ ಇದೆಯೆಂಬ ನಂಬಿಕೆ ಮಾತ್ರ ಅಪಾಯಕರ. ವಿಯೆಟ್ನಾಮಿಯಲ್ಲಿ ಔಷಧವನ್ನು, ಗುಳಿಗೆಯಾದರೂ ಸರಿ, ಕುಡಿಯುತ್ತಾರೆ, ಇಂಗ್ಲಿಷಿನಲ್ಲಿ 'ತೆಗೆದುಕೊಳ್ಳು'ತ್ತಾರೆ. ಬಟ್ಟೆಗೆ 'ಮಕ್', ಟೋಪಿಗೆ 'ದೋಯ್', ಕನ್ನಡಕ ಉಂಗುರಗಳಿಗೆ 'ದೆಒ' ಎಂದು ಬೇರೆಬೇರೆ ಕ್ರಿಯಾಪದಗಳಿದ್ದರೆ ಇಂಗ್ಲಿಷಿನಲ್ಲಿ ಎಲ್ಲಕ್ಕೂ 'ವೇರ್' ಒಂದೇ. ಸೀರೆ ಉಟ್ಟು, ರವಿಕೆ ತೊಟ್ಟು, ಹೂ ಮುಡಿದು, ಚಪ್ಪಲಿ ಮೆಟ್ಟುವ ನಮ್ಮವರಿಗೆ ಈ ಅಚ್ಚರಿಯನ್ನು ವಿವರಿಸಬೇಕಾಗಿಲ್ಲ. 'ಕ್ವಿಯೆತ್ ದಿಞ್' ಎಂಬ ಒಂದೇ ರೂಪವು ನಿರ್ಧರಿಸು ಎಂಬುದಕ್ಕೂ ನಿರ್ಧಾರ ಎಂಬುದಕ್ಕೂ ಸಲ್ಲುವುದರಿಂದ, ಇಂಗ್ಲಿಷಿನ ಡಿಸೈಡ್ ಎಂಬುದೊಂದನ್ನೇ ಬರೆದುಕೊಂಡ ವಿದ್ಯಾರ್ಥಿಯು ಡಿಸಿಷನ್ ಬರಬೇಕಾದಲ್ಲಿಯೂ ಅದನ್ನೇ ಇಡುತ್ತಾನೆ.

ಆದುದರಿಂದ ನೋಟುಪುಸ್ತಕಕ್ಕೆ ಮೂರನೆಯ ಕಲಮೊಂದನ್ನು ಸೇರಿಸಿ, ಪದವು ತನ್ನ ಜೊತೆಗಾರ ಪದಗಳೊಡನೆ ನಿಂತ ಪುಟ್ಟ ವಾಕ್ಯವನ್ನೂ ಅದರ ಬೇರೆ ರೂಪಗಳನ್ನೂ ಅಲ್ಲಿ ಬರೆಯಿಸುವುದು ಯುಕ್ತ. ಎಬ್ಬಿಂಗ್‌ಹೌಸನು 1885ರಲ್ಲಿ ತನ್ನ ನೆನಪಿನ ಮೇಲೆಯೇ ನಡೆಸಿದ ಪ್ರಯೋಗಗಳಿಂದ ತಿಳಿಸಿದಂತೆ, ಒಮ್ಮೆಗೇ ನೂರು ಸಲ ಓದುವುದಕ್ಕಿಂತ ದಿನಗಳ ಅಂತರದಲ್ಲಿ ಮರಳಿ ಓದುವುದು ಲೇಸು. ಬಲಗಡೆಯ ಕಲಮನ್ನು ಅಂಗೈಯಿಂದ ಮುಚ್ಚಿ, ಎಡಗಡೆಯ ಪದವನ್ನು ಅದರ ಕೊನೆಯ ವ್ಯಂಜನವು ಕೇಳಿಸುವಂತೆ ಗಟ್ಟಿಯಾಗಿ ಓದಿ, ಅನಂತರ ಅರ್ಥವನ್ನು ಹೇಳಿಸಬೇಕು. ಒಂದು ವಾರ ಬಿಟ್ಟು ಎಡಗಡೆಯನ್ನು ಮುಚ್ಚಿ ಅದನ್ನೇ ತಿರುಗಿ ಮಾಡಿಸಬೇಕು.