ಕೆರೆಯ ಮೀನು ಸತ್ತಾಗ ಮೊದಲು ನೀರನ್ನು ನೋಡಿ

2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ದಡಕ್ಕೆ ತೇಲಿ ಬಂದವು. ಇಂತಹ ಸಂದರ್ಭದಲ್ಲಿ ಎರಡು ಮಾತುಗಳು ಸಾಮಾನ್ಯವಾಗಿ ಏಳುತ್ತವೆ. ಒಂದು, ಕೆರೆಗೆ ರೋಗ ಬಂದಿದೆ ಎಂಬುದು. ಇನ್ನೊಂದು, ಯಾರೋ ವಿಷ ಬೆರೆಸಿದ್ದಾರೆ ಎಂಬುದು. ಆದರೆ ಚರಂಡಿ ನೀರು ಸೇರಿ ಕೆರೆಯ ನೀರಿನಲ್ಲಿ ಆಮ್ಲಜನಕ ಕುಸಿದದ್ದೇ ಆ ಸಾವಿಗೆ ಕಾರಣವೆಂದು ಆಗ ಹೇಳಲಾಯಿತು. ಅಂದರೆ ಮೀನುಗಳು ಉಸಿರುಗಟ್ಟಿ ಸತ್ತಿದ್ದವು.

ಹಲಸೂರಿನಲ್ಲಿ ನಡೆದದ್ದು ಕೆ.ಆರ್. ಪುರ, ವರ್ತೂರು, ಹೊಸಕೋಟೆ ಕಡೆಯ ಯಾವ ಕೆರೆಯಲ್ಲಾದರೂ ನಡೆಯಬಹುದು. ಕೆರೆಯನ್ನು ಗುತ್ತಿಗೆಗೆ ಹಿಡಿದು ಮರಿ ಬಿಟ್ಟ ಮೀನುಗಾರನ ಒಂದು ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಕಾರಣ ತಿಳಿಯದೆ ಔಷಧಿಗೆ ಹಣ ಸುರಿದರೆ ಉಳಿದ ಮೀನೂ ಉಳಿಯುವುದಿಲ್ಲ. ಆದ್ದರಿಂದ ಮೀನಿಗೆ ಮದ್ದು ಹುಡುಕುವ ಮೊದಲು ನೀರನ್ನು ಪರೀಕ್ಷಿಸುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಟ್ರೌಟ್ ಮೀನು ಕಲಿಸುವ ಪಾಠ

ಇಂದಿರಾನಗರದಂತಹ ಬಡಾವಣೆಗಳ ಅಂಗಡಿಗಳಲ್ಲಿ ಈಗ ಸಾಲ್ಮನ್ ಮೀನು ಸಿಗುತ್ತದೆ. ಅದರ ಬೆಲೆ ಕಂಡು, ಸಾಲ್ಮನ್ ಇಲ್ಲವೆ ಅದರ ಹತ್ತಿರದ ಬಂಧುವಾದ ಟ್ರೌಟನ್ನು ನಮ್ಮ ಹೊಂಡಗಳಲ್ಲಿ ಸಾಕಬಹುದೇ ಎಂದು ಕೆಲವರಿಗೆ ಅನ್ನಿಸುವುದು ಸಹಜ. ಸಾಕಲಾಗದು. ಟ್ರೌಟ್ ತಣ್ಣೀರಿನ ಮೀನು. ನಮ್ಮ ದೇಶದಲ್ಲಿ ಅದು ಕಾಶ್ಮೀರ, ಹಿಮಾಚಲ ಪ್ರದೇಶ ಮತ್ತು ನೀಲಗಿರಿಯಂತಹ ಎತ್ತರದ ಪ್ರದೇಶಗಳ ಹರಿಯುವ ತೊರೆಗಳಿಗೆ ಸೀಮಿತ. ಅದಕ್ಕೆ 10ರಿಂದ 16 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. ನೀರು 20 ಡಿಗ್ರಿ ದಾಟಿದರೆ ಮೇವು ಬಿಡತೊಡಗುತ್ತದೆ, 25 ಡಿಗ್ರಿಯ ಸುಮಾರಿಗೆ ಸಾಯುತ್ತದೆ. ಬೆಂಗಳೂರು ಸೀಮೆಯ ಕೆರೆಗಳ ನೀರು ಬೇಸಿಗೆಯಲ್ಲಿ ಇದಕ್ಕಿಂತ ಬಿಸಿಯಾಗಿರುತ್ತದೆ.

ಆದರೂ ಟ್ರೌಟ್ ಸಾಕುವವರಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಅವರು ಮೀನಿಗಿಂತ ಮೊದಲು ನೀರಿನ ಉಷ್ಣತೆ ಮತ್ತು ಆಮ್ಲಜನಕವನ್ನು ನೋಡುತ್ತಾರೆ. ಟ್ರೌಟ್ ಕೊರತೆಯನ್ನು ತಾಳದು, ಕೂಡಲೇ ತೋರಿಸಿಕೊಡುತ್ತದೆ. ನಮ್ಮ ಕಾಟ್ಲ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಾಳಿಕೆಯ ಮೀನುಗಳು. ಅವು ತಾಳಿಕೊಳ್ಳುವುದರಿಂದಲೇ ನಾವು ಮೈಮರೆಯುತ್ತೇವೆ.

ನೀರಿನಲ್ಲಿ ಉಸಿರು ಎಷ್ಟಿದೆ?

ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಆದರೆ 28 ಡಿಗ್ರಿ ಉಷ್ಣತೆಯ ಒಂದು ಲೀಟರ್ ನೀರು ಬೆಂಗಳೂರಿನ ಎತ್ತರದಲ್ಲಿ ಗಾಳಿಯಿಂದ ಹೀರಿ ಹಿಡಿದಿಡಬಲ್ಲದ್ದು ಸುಮಾರು 7 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಈ ಪ್ರಮಾಣ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ನೀರು ಲೀಟರಿಗೆ 11 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯ ನೀರು ಏಳೂವರೆ ಮಿಲಿಗ್ರಾಂ ಹಿಡಿಯುತ್ತದೆ. ಬೇಸಿಗೆಯಲ್ಲಿ ಮೀನಿಗೆ ಉಸಿರಿನ ಅಗತ್ಯ ಹೆಚ್ಚು, ಆದರೆ ನೀರಿನಲ್ಲಿ ಉಸಿರು ಕಡಿಮೆ.

ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಬೆಳೆಯಲು ಲೀಟರಿಗೆ 5 ಮಿಲಿಗ್ರಾಂ ಮತ್ತು ಮೇಲ್ಪಟ್ಟು ಆಮ್ಲಜನಕ ಬೇಕು. ಮೂರಕ್ಕಿಂತ ಕೆಳಗಿಳಿದರೆ ಮೀನು ಮೇವು ಬಿಟ್ಟು ಬಳಲುತ್ತದೆ, ರೋಗ ತಡೆಯುವ ಶಕ್ತಿ ಕುಂದುತ್ತದೆ. ಒಂದರ ಸಮೀಪಕ್ಕೆ ಬಂದರೆ ಸಾವು ಆರಂಭವಾಗುತ್ತದೆ.

ಒಂದು ಲೆಕ್ಕ ನೋಡೋಣ. ಒಂದು ಹೆಕ್ಟೇರ್ ವಿಸ್ತಾರ, ಒಂದು ಮೀಟರ್ ಆಳದ ಕೆರೆಯಲ್ಲಿ ಒಂದು ಕೋಟಿ ಲೀಟರ್ ನೀರಿರುತ್ತದೆ. ಲೀಟರಿಗೆ 6 ಮಿಲಿಗ್ರಾಂನಂತೆ ಆ ಕೆರೆಯ ಒಟ್ಟು ಆಮ್ಲಜನಕ 60 ಕಿಲೋ. ಅದರಲ್ಲಿ ಎರಡು ಟನ್ ಮೀನಿದ್ದರೂ ಅವು ಒಂದು ರಾತ್ರಿಯಲ್ಲಿ ಬಳಸುವುದು ಏಳೆಂಟು ಕಿಲೋ ಅಷ್ಟೆ. ಹಾಗಾದರೆ ಉಳಿದದ್ದು ಎಲ್ಲಿ ಹೋಗುತ್ತದೆ? ಪಾಚಿ, ತಳದ ಕೆಸರು ಮತ್ತು ಚರಂಡಿಯ ಕೊಳೆ ಅದನ್ನು ತಿನ್ನುತ್ತವೆ. ಮನೆಗಳಿಂದ ಬರುವ ಒಂದು ಲೀಟರ್ ಕೊಳಚೆ ನೀರು ಐದು ದಿನಗಳಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕವನ್ನು ಹೀರಬಲ್ಲದು. ಮೂವತ್ತೈದು ಲೀಟರ್ ಒಳ್ಳೆಯ ನೀರಿನ ಉಸಿರನ್ನು ಒಂದು ಲೀಟರ್ ಕೊಳಚೆ ನುಂಗುತ್ತದೆ ಎಂದಾಯಿತು.

ಹಸಿರು ನೀರಿನ ಎರಡು ಮುಖ

ನೀರು ತಿಳಿಹಸಿರಾಗಿದ್ದರೆ ಒಳ್ಳೆಯದು, ಅದು ಮೀನಿನ ಸಹಜ ಆಹಾರದ ಗುರುತು. ಕಡುಹಸಿರಾಗಿ ಬಣ್ಣದಂತೆ ದಪ್ಪಗಾದರೆ ಅಪಾಯ. ಪಾಚಿ ಹಗಲಿನಲ್ಲಿ ಸೂರ್ಯನ ಬೆಳಕಿನಿಂದ ಆಮ್ಲಜನಕವನ್ನು ಕೊಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ಆದ್ದರಿಂದ ಮಧ್ಯಾಹ್ನ ಮೂರು ಗಂಟೆಗೆ ತುಂಬಿ ತುಳುಕುವ ಆಮ್ಲಜನಕ ಸೂರ್ಯೋದಯದ ಮುಂಚೆ ತಳ ಮುಟ್ಟಿರುತ್ತದೆ. ಎರಡು ಮೂರು ದಿನ ಮೋಡ ಮುಸುಕಿದರೆ, ಅಥವಾ ಪಾಚಿ ಒಮ್ಮೆಲೇ ಸತ್ತು ಕೊಳೆತರೆ, ರಾತ್ರಿಯ ಕೊರತೆ ಹಗಲಿನಲ್ಲಿ ತುಂಬುವುದಿಲ್ಲ.

ಮೊಣಕೈವರೆಗೆ ತೋಳನ್ನು ನೀರಿನಲ್ಲಿ ಇಳಿಸಿ ಅಂಗೈಯನ್ನು ನೋಡಿ. ಅಂಗೈ ಮಸುಕಾಗಿ ಕಾಣುತ್ತಿದ್ದರೆ ನೀರು ಹದವಾಗಿದೆ. ಒಂದು ಗೇಣಿನ ಆಳದಲ್ಲಿಯೇ ಕಾಣದಾದರೆ ಗೊಬ್ಬರ ಮತ್ತು ಮೇವನ್ನು ನಿಲ್ಲಿಸಬೇಕು.

2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಇಂತಹ ನೀರಿನಲ್ಲಿ ಸಾರಜನಕ ಮತ್ತು ರಂಜಕದ ಅಂಶ ಉಳಿದಿರುವುದರಿಂದ ಪಾಚಿ ಬೇಗ ಬೆಳೆಯುತ್ತದೆ. ಅಲ್ಲಿ ಮೀನು ಸಾಕುವವರು ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರ ಹಾಕುವ ಅಗತ್ಯವೇ ಇರುವುದಿಲ್ಲ.

ಭರಣಿ ಮಳೆಯ ಅಪಾಯ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹೊಲದವರು ಸಂತೋಷಪಡುತ್ತಾರೆ. ನಗರದ ಅಂಚಿನ ಕೆರೆಗೆ ಅದೇ ಮಳೆ ಕಂಟಕವಾಗಬಹುದು. ಬೇಸಿಗೆಯುದ್ದಕ್ಕೂ ರಾಜಕಾಲುವೆಯಲ್ಲಿ ಶೇಖರವಾದ ಕಪ್ಪು ಕೆಸರನ್ನೆಲ್ಲ ಮೊದಲ ಜೋರು ಮಳೆ ಒಂದೇ ಸಲ ಕೆರೆಗೆ ತಳ್ಳುತ್ತದೆ. ಕೆರೆಯ ತಳದ ಕೊಳೆಯೂ ಕದಡಿ ಮೇಲೇಳುತ್ತದೆ. ಮಾರ್ಚ್‌ನಿಂದ ಮೇ ವರೆಗೆ ಕೆರೆಯಲ್ಲಿ ನೀರು ಕಡಿಮೆ, ಉಷ್ಣತೆ ಹೆಚ್ಚು, ಮೀನುಗಳು ದೊಡ್ಡವಾಗಿರುತ್ತವೆ. ಆದ್ದರಿಂದ ಮಾರಾಟದ ಗಾತ್ರಕ್ಕೆ ಬಂದ ಮೀನನ್ನು ಮಾರ್ಚ್ ಮುಗಿಯುವುದರೊಳಗೆ ಹಿಡಿದು ಕೆರೆಯ ಹೊರೆ ಇಳಿಸುವುದು ಜಾಣತನ.

ಉಸಿರುಗಟ್ಟಿದೆಯೋ, ವಿಷವೋ, ರೋಗವೋ?

ಕೆಳಗಿನ ಗುರುತುಗಳಿಂದ ಬಹುಮಟ್ಟಿಗೆ ಕಾರಣ ತಿಳಿಯುತ್ತದೆ.

1. ಆಮ್ಲಜನಕದ ಕೊರತೆ: ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತವೆ. ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ. ಬಿಸಿಲೇರಿದಂತೆ ಉಳಿದವು ಚೇತರಿಸಿಕೊಳ್ಳುತ್ತವೆ. ನೇರವಾಗಿ ಗಾಳಿಯನ್ನು ಉಸಿರಾಡಬಲ್ಲ ಕೊರವ ಮೀನು ಬದುಕಿರುತ್ತದೆ.

2. ವಿಷ: ದಿನದ ಯಾವ ವೇಳೆಯಲ್ಲಾದರೂ ಸಾವು ಕಾಣಿಸಬಹುದು. ದೊಡ್ಡದು, ಚಿಕ್ಕದು, ಕೊರವ, ಜಿಲೇಬಿ ಎಂಬ ಭೇದವಿರುವುದಿಲ್ಲ. ಮೀನುಗಳು ದಿಕ್ಕುತಪ್ಪಿ ಸುತ್ತುತ್ತವೆ. ಕಪ್ಪೆ, ಸೀಗಡಿ ಮತ್ತು ನೀರಿನ ಹುಳುಗಳೂ ಸತ್ತಿರುತ್ತವೆ.

3. ರೋಗ: ಸಾವು ಒಂದೇ ದಿನ ಬರುವುದಿಲ್ಲ. ಇಂದು ನಾಲ್ಕು, ನಾಳೆ ಹತ್ತು ಎಂಬಂತೆ ಏರುತ್ತದೆ. ಹೆಚ್ಚಾಗಿ ಒಂದೇ ಜಾತಿಯ ಮೀನಿನಲ್ಲಿ ಕಾಣಿಸಿಕೊಳ್ಳುತ್ತದೆ. ಮೈಮೇಲೆ ಹುಣ್ಣು, ರಕ್ತದ ಕಲೆ, ಉಬ್ಬಿದ ಹೊಟ್ಟೆ, ಎದ್ದುನಿಂತ ಹುರುಪೆ, ಕೊಳೆತ ರೆಕ್ಕೆ ಮುಂತಾದ ಗುರುತುಗಳಿರುತ್ತವೆ.

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವುದುಂಟು. ಮೀನು ಸಾಕುವವರೂ ಅದನ್ನೇ ಮಾಡಬೇಕು. ಆರೋಗ್ಯವಂತ ಮೀನಿನ ಕಿವಿರು ಕೆಂಪಾಗಿರುತ್ತದೆ. ಬಿಳಿಚಿಕೊಂಡು ಕೊಳೆತಂತಿದ್ದರೆ ರೋಗವೆಂದು ಶಂಕಿಸಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ನೀರಿನಲ್ಲಿ ನೈಟ್ರೈಟ್ ಅಂಶ ಹೆಚ್ಚಿರಬಹುದು. ಈ ಪರೀಕ್ಷೆಯನ್ನು ಬದುಕಿರುವ ಮೀನಿನಲ್ಲಿಯೇ ಮಾಡಬೇಕು.

ಮೀನು ಗುಟುಕರಿಸುತ್ತಿರುವಾಗ ಕೈಗೊಳ್ಳಬೇಕಾದ ಕ್ರಮಗಳು

1. ಮೇವು ಮತ್ತು ಗೊಬ್ಬರವನ್ನು ಕೂಡಲೇ ನಿಲ್ಲಿಸಿರಿ.

2. ಕೊಳೆ ನೀರು ಬರುವ ಕಾಲುವೆಯನ್ನು ಸಾಧ್ಯವಾದರೆ ಮರಳು ಚೀಲಗಳಿಂದ ತಡೆಯಿರಿ.

3. ಪಂಪ್‌ಸೆಟ್ಟಿನಿಂದ ಕೆರೆಯ ಮೇಲ್ಭಾಗದ ನೀರನ್ನೇ ಎತ್ತಿ, ತುಂತುರಾಗಿ ಬೀಳುವಂತೆ ಮತ್ತೆ ಕೆರೆಗೆ ಬಿಡಿರಿ. ಏರಿಯೇಟರ್ ಇದ್ದರೆ ನಡುರಾತ್ರಿಯಿಂದ ಸೂರ್ಯೋದಯದವರೆಗೆ ನಡೆಸಿರಿ. ಇಡೀ ಕೆರೆಗೆ ಇದು ಸಾಲದಿದ್ದರೂ ಮೀನುಗಳು ಬಂದು ಸೇರಲು ಒಂದು ಆಶ್ರಯದ ಮೂಲೆಯಾಗುತ್ತದೆ.

4. ಕೊಳವೆ ಬಾವಿಯ ನೀರು ಇದ್ದರೆ ಎತ್ತರದಿಂದ ಹಲಗೆ ಅಥವಾ ಕಲ್ಲಿನ ಮೇಲೆ ಬೀಳಿಸಿ ಬಿಡಿರಿ. ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ನೇರವಾಗಿ ಬಿಟ್ಟರೆ ಪ್ರಯೋಜನವಿಲ್ಲ.

5. ಸತ್ತ ಮೀನನ್ನು ಅದೇ ದಿನ ತೆಗೆದು ಕೆರೆಯಿಂದ ದೂರದಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿರಿ. ಅದು ಕೊಳೆತರೆ ಉಳಿದ ಆಮ್ಲಜನಕವನ್ನೂ ತಿನ್ನುತ್ತದೆ.

ಸುಣ್ಣ ಹಾಕುವ ಮೊದಲು ಎಚ್ಚರಿಕೆ

ಮೀನು ಸತ್ತ ಕೂಡಲೇ ಕೆರೆಗೆ ಸುಣ್ಣ ಎರಚುವುದು ಅನೇಕರ ರೂಢಿ. ಸುಣ್ಣ ಒಳ್ಳೆಯದೇ, ಆದರೆ ಎಲ್ಲ ವೇಳೆಯಲ್ಲೂ ಅಲ್ಲ. ಚರಂಡಿ ನೀರು ಸೇರಿದ ಕೆರೆಯಲ್ಲಿ ಅಮೋನಿಯಾ ಇರುತ್ತದೆ. ಅದರಲ್ಲಿ ಮೀನಿಗೆ ವಿಷವಾಗುವ ಭಾಗ ನೀರಿನ ಕ್ಷಾರತೆಯನ್ನು ಅವಲಂಬಿಸಿದೆ. 25 ಡಿಗ್ರಿ ಉಷ್ಣತೆಯಲ್ಲಿ ರಸಸಾರ, ಅಂದರೆ ಪಿ.ಎಚ್., 7 ಇದ್ದರೆ ಅಮೋನಿಯಾದ ನೂರು ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆ ವಿಷರೂಪದಲ್ಲಿರುತ್ತದೆ. ರಸಸಾರ 8 ಆದರೆ ಐದು ಭಾಗ, 9 ಆದರೆ ಸುಮಾರು 36 ಭಾಗ. ಸುಣ್ಣ ರಸಸಾರವನ್ನು ಏರಿಸುತ್ತದೆ. ಹೀಗೆ ಕಾಪಾಡಲೆಂದು ಹಾಕಿದ ಸುಣ್ಣವೇ ಉಳಿದ ಮೀನುಗಳನ್ನು ಕೊಲ್ಲಬಹುದು. ಆದ್ದರಿಂದ ರಸಸಾರವನ್ನು ಪರೀಕ್ಷಿಸದೆ ಸುಣ್ಣ ಹಾಕಬೇಡಿ. ಎಂಟಕ್ಕಿಂತ ಹೆಚ್ಚಿದ್ದರೆ ಹಾಕಲೇಬೇಡಿ.

ನಿಜವಾದ ರೋಗಗಳು

ಹುಣ್ಣು ರೋಗ: ಈ ರೋಗ ಭಾರತದಲ್ಲಿ 1988ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಕಾಣಿಸಿಕೊಂಡು ಬಳಿಕ ದೇಶದ ಇತರ ಭಾಗಗಳಿಗೆ ಹರಡಿತು. ಮಳೆಗಾಲದ ನಂತರದ ಚಳಿಯ ತಿಂಗಳುಗಳಲ್ಲಿ ಬರುತ್ತದೆ. ಕೊರವ ಮೀನಿಗೆ ಹೆಚ್ಚು ತಗಲುತ್ತದೆ. ಮೈಮೇಲೆ ಕೆಂಪು ಕಲೆಗಳಾಗಿ, ಅವು ಆಳವಾದ ಹುಣ್ಣುಗಳಾಗುತ್ತವೆ. ಮುನ್ನೆಚ್ಚರಿಕೆಯಾಗಿ ಮಳೆಗಾಲ ಮುಗಿದ ಕೂಡಲೇ ರಸಸಾರ ನೋಡಿಕೊಂಡು ಹೆಕ್ಟೇರಿಗೆ 200 ಕಿಲೋ ಸುಣ್ಣವನ್ನು ಕಂತುಗಳಲ್ಲಿ ಹಾಕಬಹುದು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ಇದಕ್ಕಾಗಿ ಸೀಫ್ಯಾಕ್ಸ್ ಎಂಬ ಔಷಧಿಯನ್ನು ರೂಪಿಸಿದೆ. ಒಂದು ಹೆಕ್ಟೇರ್ ವಿಸ್ತಾರ, ಒಂದು ಮೀಟರ್ ಆಳದ ನೀರಿಗೆ ಒಂದು ಲೀಟರ್ ಸಾಕು.

ಮೀನು ಹೇನು: ಚಪ್ಪಟೆಯಾದ ಈ ಪರೋಪಜೀವಿ ಬರಿಗಣ್ಣಿಗೆ ಕಾಣುತ್ತದೆ. ಮೀನು ದಡಕ್ಕೆ, ಕಂಬಕ್ಕೆ ಮೈ ಉಜ್ಜುತ್ತದೆ. ಹೇನು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆಯಿಡುವುದರಿಂದ ನೀರಿನಲ್ಲಿ ಬಿದಿರು ಅಥವಾ ಹಲಗೆಗಳನ್ನು ನೆಟ್ಟು, ಕೆಲವು ದಿನಗಳಿಗೊಮ್ಮೆ ಹೊರತೆಗೆದು ಬಿಸಿಲಿನಲ್ಲಿ ಒಣಗಿಸಿದರೆ ಮೊಟ್ಟೆಗಳು ನಾಶವಾಗುತ್ತವೆ. ಕೀಟನಾಶಕವನ್ನು ಅಧಿಕಾರಿಗಳ ಸಲಹೆಯಿಲ್ಲದೆ ನೀರಿಗೆ ಹಾಕಬಾರದು.

ಜಲೋದರ ಮತ್ತು ರೆಕ್ಕೆ ಕೊಳೆ: ಇವು ಬ್ಯಾಕ್ಟೀರಿಯಾದಿಂದ ಬರುತ್ತವೆ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ಸದಾ ಇರುವಂಥದು. ಉಸಿರಿನ ಕೊರತೆಯಿಂದ ಬಳಲಿದ ಮೀನಿಗೆ ಮಾತ್ರ ಅದು ಸುಲಭವಾಗಿ ಅಂಟುತ್ತದೆ. ಇಲ್ಲಿಯೂ ನೀರೇ ಮೂಲ. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ಔಷಧಿಗಳನ್ನು ಆಹಾರದ ಮೀನಿಗೆ ಬಳಸುವುದು ನಿಷಿದ್ಧ.

ಮರಿ ಬಿಡುವಾಗ ಹತ್ತು ಲೀಟರ್ ನೀರಿಗೆ 200 ಗ್ರಾಂ ಉಪ್ಪು ಕರಗಿಸಿ, ಅದರಲ್ಲಿ ಮರಿಗಳನ್ನು ಒಂದೆರಡು ನಿಮಿಷ ಅದ್ದಿ ಬಿಟ್ಟರೆ ಹೊರಗಿನ ಪರೋಪಜೀವಿಗಳು ಬಹಳಷ್ಟು ಕಳಚುತ್ತವೆ. ಮರಿಗಳು ತೊಳಲಾಡಿದ ಕೂಡಲೇ ಹೊರತೆಗೆಯಬೇಕು.

ಮಾದರಿ ಕಳುಹಿಸುವ ಕ್ರಮ

ಸತ್ತು ಊದಿದ ಮೀನಿನಿಂದ ಪ್ರಯೋಗಾಲಯದವರಿಗೆ ಏನೂ ತಿಳಿಯದು. ಇನ್ನೂ ಬದುಕಿರುವ, ರೋಗದ ಗುರುತಿರುವ ಮೂರು ನಾಲ್ಕು ಮೀನುಗಳನ್ನು ಅದೇ ಕೆರೆಯ ನೀರಿನಲ್ಲಿಟ್ಟು ತನ್ನಿರಿ. ಪ್ರತ್ಯೇಕವಾಗಿ ಒಂದು ಶುಭ್ರ ಬಾಟಲಿಯಲ್ಲಿ ಗಾಳಿ ಉಳಿಯದಂತೆ ನೀರು ತುಂಬಿ ಮಂಜುಗಡ್ಡೆಯಲ್ಲಿಡಿ. ಸಾವು ಕಂಡ ಗಂಟೆ, ಹಿಂದಿನ ದಿನದ ಮಳೆ ಮೋಡ, ಸತ್ತ ಮೀನಿನ ಜಾತಿ ಮತ್ತು ಗಾತ್ರವನ್ನು ಚೀಟಿಯಲ್ಲಿ ಬರೆಯಿರಿ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಅಥವಾ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಸಲಹೆ ಪಡೆಯಬಹುದು.

ಕೊನೆಯದಾಗಿ ಒಂದು ಮಾತು. ನಷ್ಟ ಎಷ್ಟೇ ಇರಲಿ, ತೇಲಿದ ಮೀನನ್ನು ಮಾರಬಾರದು, ಮನೆಗೂ ಒಯ್ಯಬಾರದು. ಬಿಸಿಲಿನಲ್ಲಿ ಅದು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಸಾವು ವಿಷದಿಂದಾಗಿದ್ದರೆ ತಿಂದವರ ಪ್ರಾಣಕ್ಕೂ ಅಪಾಯ. ಬೇಸಿಗೆಯ ಮೂರು ತಿಂಗಳು ದಿನವೂ ಸೂರ್ಯೋದಯಕ್ಕೆ ಮುಂಚೆ ಒಮ್ಮೆ ಏರಿಯ ಮೇಲೆ ನಡೆದು ಬನ್ನಿ. ಮೀನು ಗುಟುಕರಿಸುವುದು ಮೊದಲ ದಿನವೇ ಕಣ್ಣಿಗೆ ಬಿದ್ದರೆ ಆ ವರ್ಷದ ಬೆಳೆಯನ್ನು ಉಳಿಸಿಕೊಳ್ಳಲು ಇನ್ನೂ ಸಮಯವಿರುತ್ತದೆ.