ಚರ್ಚಾಸ್ಪರ್ಧೆಯೂ ಪೂರ್ವಪಕ್ಷವೂ

ವರ್ಷಕ್ಕೊಮ್ಮೆ ನಮ್ಮ ಶಾಲೆಗಳಲ್ಲಿ ಚರ್ಚಾಸ್ಪರ್ಧೆಯ ಕಾಲ ಬರುತ್ತದೆ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಮೊದಲಾದ ಏರ್ಪಾಡುಗಳಿಂದ ಹುಡುಗರು ಕ್ಲಸ್ಟರಿನಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಏರಿ ಹೋಗುವ ಸೋಪಾನವೊಂದು ನಿರ್ಮಾಣವಾಗಿರುವದು ಸಂತೋಷದ ಸಂಗತಿಯೇ ಸರಿ. ಅಫಜಲಪುರ ತಾಲೂಕಿನ ಅತನೂರದಂಥ ಊರಿನ ಹುಡುಗಿಯೊಬ್ಬಳು ಕಲಬುರ್ಗಿಯ ತುಂಬಿದ ಸಭೆಯಲ್ಲಿ ನಿಂತು ನಿರ್ಭಯವಾಗಿ ಮಾತನಾಡುವದೆಂದರೆ ಸಾಮಾನ್ಯ ಮಾತಲ್ಲ. ನಿಜಾಮರ ಆಳಿಕೆಯಲ್ಲಿ ಸಾರ್ವಜನಿಕ ಸಭೆ ಕೂಡಿಸುವದಕ್ಕೂ ಸರಕಾರದ ಅಪ್ಪಣೆ ಬೇಕೆಂದು ಗಸ್ತಿಗಳು ಹೊರಟಿದ್ದ ಸೀಮೆ ಇದು. ದೇಶಕ್ಕೆಲ್ಲ 1947 ಆಗಸ್ಟ 15ರಂದು ಬಂದ ಸ್ವಾತಂತ್ರ್ಯವು ಈ ಭಾಗಕ್ಕೆ ಬರಬೇಕಾದರೆ 1948ರ ಸಪ್ಟೆಂಬರ 17ರ ವರೆಗೆ ಕಾಯಬೇಕಾಯಿತು. ಇಂಥ ನೆಲದಲ್ಲಿ ಮಕ್ಕಳ ಬಾಯಿ ಬಿಚ್ಚಿರುವದನ್ನು ಯಾರೂ ಹಗುರಾಗಿ ಎಣಿಸಬಾರದು.

ಆದರೆ ಈ ಮಕ್ಕಳನ್ನು ಸ್ಪರ್ಧೆಗೆ ಅಣಿಗೊಳಿಸುವ ರೀತಿಯನ್ನು ಕಂಡವರಿಗೆ ಆ ಸಂತೋಷವು ಬಹಳ ಹೊತ್ತು ನಿಲ್ಲಲಾರದು. ಸ್ಪರ್ಧೆಗೆ ಎರಡು ಮೂರು ದಿನ ಮೊದಲು ವಿಷಯ ತಿಳಿಯುತ್ತದೆ. ಮಾಸ್ತರರು ಎರಡು ಭಾಷಣಗಳನ್ನು ಬರೆಯುತ್ತಾರೆ. ಪರವಾಗಿ ಮಾತನಾಡುವವನಿಗೊಂದು, ವಿರೋಧವಾಗಿ ಮಾತನಾಡುವವನಿಗೊಂದು. ಆರಂಭದಲ್ಲಿ ಸಭಾವಂದನೆ, ನಡುವೆ ನಾಲ್ವರು ದೊಡ್ಡವರ ಹೆಸರು, ಕೊನೆಗೆ ಒಂದು ವಚನ. ಹುಡುಗನು ಅದನ್ನು ಬಾಯಿಪಾಠ ಮಾಡಿ, ಎಲ್ಲಿ ಕೈ ಎತ್ತಬೇಕು ಎಲ್ಲಿ ಧ್ವನಿ ಏರಿಸಬೇಕು ಎಂಬುದನ್ನೂ ಕಲಿತು, ವೇದಿಕೆಯ ಮೇಲೆ ಒಪ್ಪಿಸಿ ಇಳಿಯುತ್ತಾನೆ. ಎದುರಿನವನು ಏನು ಹೇಳಿದನೆಂಬುದನ್ನು ಅವನು ಕೇಳಿಯೇ ಇರುವದಿಲ್ಲ. ಕೇಳುವ ಕಾರಣವಾದರೂ ಏನಿದೆ? ಅವನ ಉತ್ತರವು ಮೊನ್ನೆಯೇ ಸಿದ್ಧವಾಗಿದೆ! ನಿರ್ಣಾಯಕರು ಕಂಠಕ್ಕೂ ಉಚ್ಚಾರಕ್ಕೂ ಅಂಕ ಹಾಕಿ ಢಾಲು ಕೊಡುತ್ತಾರೆ. ಮಾಸ್ತರರ ಮೇಲೆ ತಪ್ಪು ಹೊರಿಸುವದು ನಮ್ಮ ಉದ್ದೇಶವಲ್ಲ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಇವೆಲ್ಲವುಗಳ ನಡುವೆ ಅವರು ಇಷ್ಟನ್ನಾದರೂ ಮಾಡುತ್ತಿರುವದು ಅವರ ಸೌಜನ್ಯ. ಆದರೂ ಇದಕ್ಕೆ ಚರ್ಚೆಯೆಂಬ ಹೆಸರು ಒಪ್ಪುವದಿಲ್ಲ. ಒಂದರ ಪಕ್ಕದಲ್ಲೊಂದು ಇಟ್ಟ ಎರಡು ಭಾಷಣಗಳಷ್ಟೇ ಅವು.

ನೀತಿಯ ಪ್ರಶ್ನೆಗಳ ವಿಷಯದಲ್ಲಂತೂ ಈ ಪದ್ಧತಿಯಿಂದಾಗುವ ಹಾನಿ ದೊಡ್ಡದು. ಒಂದು ಕಾಲುವೆಯಿಂದ ಎಷ್ಟು ಎಕರೆ ನೀರುಂಡಿತು ಎಂಬ ಪ್ರಶ್ನೆಗೆ ದಫ್ತರವನ್ನು ತೆರೆದು ನೋಡಿದರೆ ಉತ್ತರ ಸಿಕ್ಕುವದು. ಆ ನೀರು ಯಾರಿಗೆ ಮೊದಲು ಸಲ್ಲಬೇಕಾಗಿತ್ತು ಎಂಬುದಕ್ಕೆ ಯಾವ ದಫ್ತರದಲ್ಲಿಯೂ ಉತ್ತರವಿಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಜಗಳವಿದ್ದಲ್ಲಿ ಚರ್ಚೆಯ ಕೆಲಸವೇ ಇಲ್ಲ. ಎರಡು ಒಳ್ಳೆಯವುಗಳು ಒಂದೇ ಬಾಗಿಲಲ್ಲಿ ಎದುರುಬದುರಾಗಿ ನಿಂತಾಗಲೇ ನೀತಿಯ ಪ್ರಶ್ನೆ ಹುಟ್ಟುವದು. ಆದುದರಿಂದ ಎದುರುಪಕ್ಷದಲ್ಲಿರುವ ಒಳ್ಳೆಯದು ಯಾವುದೆಂಬುದನ್ನು ಕಾಣದೆ ಮಾತನಾಡಿದವನು ಪ್ರಶ್ನೆಯನ್ನೇ ಕಂಡಿಲ್ಲವೆಂದು ತಿಳಿಯಬೇಕು.

ನಮ್ಮ ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿದ್ದಿತು. ನ್ಯಾಯಶಾಸ್ತ್ರದಲ್ಲಿ ಮಾತಿನ ಕಾಳಗವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಸತ್ಯವನ್ನು ತಿಳಿಯಬೇಕೆಂದು ಆಡಿದ್ದು ವಾದ. ಗೆಲ್ಲಬೇಕೆಂದು ಆಡಿದ್ದು ಜಲ್ಪ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಬರಿಯ ಎದುರಿನವನನ್ನು ಕೆಡವುವದು ವಿತಂಡ. (ವಿಧಾನಸಭೆಯ ವರದಿಗಳನ್ನು ಓದುವ ವಾಚಕರು ಇವುಗಳಿಗೆ ಉದಾಹರಣೆಗಳನ್ನು ತಾವೇ ಹುಡುಕಿಕೊಳ್ಳಬಹುದು.) ಮೀಮಾಂಸಕರಂತೂ ಪ್ರತಿಯೊಂದು ವಿಚಾರಕ್ಕೂ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ ಎಂದು ಐದು ಅಂಗಗಳನ್ನು ವಿಧಿಸಿದರು. ಪೂರ್ವಪಕ್ಷವೆಂದರೆ ಎದುರಾಳಿಯ ಮಾತು. ಅದನ್ನು ಮೊದಲು ಹೇಳಬೇಕು. ಎದುರಾಳಿಯು ಕೇಳಿದರೆ, ನನ್ನ ಮಾತನ್ನು ಇವನು ನನಗಿಂತ ಚೆನ್ನಾಗಿ ಹೇಳಿದನೆಂದು ತಲೆದೂಗುವಂತೆ ಹೇಳಬೇಕು. ಆ ಮೇಲೆಯೇ ತನ್ನ ಉತ್ತರ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದದ್ದು ಈ ಕ್ರಮದಲ್ಲಿಯೇ. ತಂದೆಯ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವದೋ, ವಿಭಾಗವಾದ ಮೇಲೆ ಬರುವದೋ ಎಂಬ ಪ್ರಶ್ನೆಯನ್ನೆತ್ತಿದಾಗ ಅವನು ತನ್ನ ಮತಕ್ಕೆ ವಿರುದ್ಧವಾದ ಯುಕ್ತಿಗಳನ್ನು ಮುಂದಿಟ್ಟು, ಅನಂತರ ಜನ್ಮದಿಂದಲೇ ಹಕ್ಕೆಂದು ನಿರ್ಣಯಿಸಿದನು. ಆ ನಿರ್ಣಯವು ಭರತಖಂಡದ ಬಹುಭಾಗದಲ್ಲಿ ಶತಮಾನಗಳ ವರೆಗೆ ನ್ಯಾಯಾಲಯಗಳಲ್ಲಿ ನಡೆಯಿತು. 2005ರ ಕಾಯದೆಯಿಂದ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಬಂದಾಗಲೂ ಶಾಸನಕಾರರು ವಿಸ್ತರಿಸಿದ್ದು ಅದೇ ತತ್ತ್ವವನ್ನು. ವಿಜ್ಞಾನೇಶ್ವರನು ನಮ್ಮ ಜಿಲ್ಲೆಯ ಮರತೂರಿನವನೆಂದು ಅಭಿಮಾನದಿಂದ ಹೇಳಿಕೊಳ್ಳುವ ನಾವು ಅವನ ವಿಚಾರಕ್ರಮವನ್ನು ಹೈಸ್ಕೂಲಿನ ಹುಡುಗರಿಗೆ ಹೇಳಿಕೊಡದೆ ಬಿಟ್ಟಿರುವದು ವಿಚಿತ್ರವಾಗಿದೆ.

ಈಗ ಒಂದು ವಿಷಯವನ್ನು ತೆಗೆದುಕೊಂಡು ನೋಡೋಣ. “ಮೇಲ್ದಂಡೆಯವನು ಕೆಳದಂಡೆಯವನಿಗಾಗಿ ತನ್ನ ಬೆಳೆಯನ್ನು ಒಣಗಗೊಡಬೇಕೇ?” ಅಫಜಲಪುರ ತಾಲೂಕಿನ ಹುಡುಗನಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಗಾಣಗಾಪುರ, ಘತ್ತರಗಿ, ಮಣೂರಗಳ ಮಗ್ಗುಲಲ್ಲಿ ಹರಿಯುವ ಭೀಮೆಯು ಬೇಸಿಗೆಯಲ್ಲಿ ಮರಳ ಪಟ್ಟಿಯಾಗುವದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಮೇಲೆ ಸೊಲ್ಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಮುಗಿದ ಉಜನಿಯ ಜಲಾಶಯವಿದೆ; ಅದರಲ್ಲಿ ಸುಮಾರು 117 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಬರಗಾಲ ಬಂದಾಗಲೆಲ್ಲ ಉಜನಿಯಿಂದ ನೀರು ಬಿಡಿಸಿರೆಂಬ ಕೂಗು ನಮ್ಮ ಕಡೆಯಿಂದ ಏಳುತ್ತದೆ. ಈ ವಿಷಯವನ್ನು ಕೊಟ್ಟರೆ ನಮ್ಮ ಹುಡುಗನು ಯಾವ ಭಾಷಣ ಮಾಡುವನೆಂಬುದನ್ನು ಊಹಿಸುವದು ಕಷ್ಟವಲ್ಲ. ಅನ್ಯಾಯ, ಮಲತಾಯಿಯ ಧೋರಣೆ, ಕನ್ನಡಿಗರ ತಾಳ್ಮೆಗೂ ಒಂದು ಮಿತಿಯುಂಟು, ಇತ್ಯಾದಿ. ಚಪ್ಪಾಳೆ ಬೀಳುವದರಲ್ಲಿ ಸಂಶಯವಿಲ್ಲ.

ಅವನಿಗೆ ಮೇಲ್ದಂಡೆಯ ಪಕ್ಷವನ್ನೇ ಕೊಟ್ಟು ಸಿದ್ಧಗೊಳಿಸಬೇಕೆಂದು ನಮ್ಮ ಸೂಚನೆ. ಸೊಲ್ಲಾಪುರದ ರೈತನ ಅತ್ಯಂತ ಗಟ್ಟಿಯಾದ ಮಾತು ಯಾವುದು? ನೀರು ನಮ್ಮ ನೆಲದಲ್ಲಿ ಬಿದ್ದಿದೆ, ಆದುದರಿಂದ ನಮ್ಮದು ಎಂಬುದಲ್ಲ. ಅದು ಬಡ ಯುಕ್ತಿ. 1895ರಲ್ಲಿ ಅಮೇರಿಕೆಯ ಸರಕಾರೀ ನ್ಯಾಯವಾದಿಯಾದ ಹಾರ್ಮನ್ನನು ರಿಯೋ ಗ್ರಾಂಡೆ ನದಿಯ ಸಂಬಂಧದಲ್ಲಿ ಇದನ್ನೇ ಹೇಳಿದನು: ತನ್ನ ಗಡಿಯೊಳಗಿನ ನೀರನ್ನು ಹೇಗೆ ಬಳಸಿದರೂ ಕೆಳಗಿನ ಮೆಕ್ಸಿಕೋಗೆ ಕೇಳುವ ಹಕ್ಕಿಲ್ಲವೆಂದು. ಆದರೆ ಅದೇ ಅಮೇರಿಕೆಯು 1906ರಲ್ಲಿ ವರ್ಷಕ್ಕೆ 60,000 ಎಕರೆ-ಅಡಿ ನೀರನ್ನು ಮೆಕ್ಸಿಕೋಗೆ ಕೊಡಲು ಒಪ್ಪಿಕೊಂಡಿತು. ಹಕ್ಕೆಂದಲ್ಲ, ಸೌಜನ್ಯವೆಂದು ಬರೆಯಿಸಿಕೊಂಡು. ಮೇಲ್ದಂಡೆಯವನ ನಿಜವಾದ ಬಲ ಬೇರೆ ಕಡೆಗಿದೆ. ಆ ಜಲಾಶಯಕ್ಕಾಗಿ ಊರುಗಳು ಮುಳುಗಿದವು. ಮನೆ, ಹೊಲ, ಗುಡಿಗಳನ್ನು ಬಿಟ್ಟು ಜನ ಎದ್ದು ಹೋದರು. ಸೊಲ್ಲಾಪುರದಂಥ ದೊಡ್ಡ ಶಹರವು ಕುಡಿಯುವದು ಉಜನಿಯ ನೀರನ್ನೇ. ಆ ನೀರನ್ನು ನಂಬಿ ಸಾಲ ತೆಗೆದು ಬೆಳೆಯಿಟ್ಟವನಿಗೆ ನಡುವೆ ಕಾಲುವೆ ಮುಚ್ಚಿದರೆ ಅವನು ಯಾರ ಬಾಗಿಲಿಗೆ ಹೋಗಬೇಕು? ಇದನ್ನು ನಮ್ಮ ಹುಡುಗನು ಮನಸ್ಸಿಟ್ಟು ಹೇಳಬೇಕು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ ಆಗಿರುವದರಿಂದ, ಎದುರಿನವನು ಪರಕೀಯನೆಂದು ಬಗೆದು ತಪ್ಪಿಸಿಕೊಳ್ಳುವ ದಾರಿಯೂ ಅವನಿಗಿಲ್ಲ.

ಇಷ್ಟಾದ ಮೇಲೆ ಅವನು ತನ್ನ ಊರಿನ ಪಕ್ಷಕ್ಕೆ ಬರಲಿ. ಆಗ ಅವನಿಗೆ ಕೂಗು ಸಾಲದು, ಒಂದು ಅಳತೆಗೋಲು ಬೇಕು. 1987ರ ರಾಷ್ಟ್ರೀಯ ಜಲನೀತಿಯು ಕುಡಿಯುವ ನೀರಿಗೆ ಮೊದಲ ಸ್ಥಾನವನ್ನೂ ನೀರಾವರಿಗೆ ಅನಂತರದ ಸ್ಥಾನವನ್ನೂ ಕೊಟ್ಟಿತು. ಮೇಲಿನ ಕಬ್ಬಿಗಿಂತ ಕೆಳಗಿನ ಬಾಯಾರಿಕೆ ದೊಡ್ಡದೆಂಬ ಈ ಒಂದು ತತ್ತ್ವವನ್ನು ಅವನು ಹಿಡಿದುಕೊಂಡರೆ, ಮುಳುಗಿದ ಊರುಗಳ ಯುಕ್ತಿಗೂ ಉತ್ತರ ಹೊಳೆಯುತ್ತದೆ. ತ್ಯಾಗ ಮಾಡಿದವರಿಗೆ ಹೆಚ್ಚಿನ ಪಾಲು ಸಲ್ಲಬಹುದು. ಆದರೆ ಆ ತ್ಯಾಗದಿಂದ ನದಿಯೇ ಅವರ ಸ್ವತ್ತಾಗಲಾರದು. 1973ರಲ್ಲಿ ಬಚಾವತ ನ್ಯಾಯಮಂಡಳಿಯು ಕೃಷ್ಣೆಯ ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿ.ಎಂ.ಸಿ. ಎಂದು ಹಂಚಿದಾಗ, ಭೀಮೆಯೂ ಸೇರಿದ ಆ ನದಿಯನ್ನು ಮೇಲಿನವನ ಒಡೆತನವೆಂದು ಎಣಿಸಲಿಲ್ಲ. ಎಲ್ಲರ ಅಗತ್ಯಗಳನ್ನು ತೂಗಿ ನ್ಯಾಯವಾದ ಪಾಲು ಮಾಡಿತು.

ಹುಡುಗನು ಇಲ್ಲಿಯೇ ನಿಂತರೆ ಸ್ಪರ್ಧೆಯಲ್ಲಿ ಗೆಲ್ಲಬಹುದು. ಆದರೆ ಅವನನ್ನು ಇನ್ನೊಂದು ಹೆಜ್ಜೆ ನಡೆಸುವದು ಅವಶ್ಯ. ಕುಡಿಯುವ ನೀರು ಮೊದಲು, ಬೆಳೆ ಆಮೇಲೆ ಎಂದು ಸೊಲ್ಲಾಪುರಕ್ಕೆ ಹೇಳಿದವನಿಗೆ ಎದುರಾಳಿಯು ಕೇಳುತ್ತಾನೆ: “ನಿಮ್ಮ ತಾಲೂಕಿನಲ್ಲಿಯೇ ನದಿಯ ದಂಡೆಯ ಮೇಲೆ ಪಂಪು ಹೂಡಿ ಕಬ್ಬಿಗೆ ನೀರೆತ್ತುವವರಿಲ್ಲವೇ? ಆಗ ಕೆಳಗಿನ ಹಳ್ಳಿಯ ಹೆಂಗಸರ ಕೊಡ ಬರಿದಾಗಿರುವದಿಲ್ಲವೇ?” ಸೊನ್ನದ ಬ್ಯಾರೇಜಿನ ಹಿನ್ನೀರಿನಲ್ಲಿಯೂ ಮೇಲಿನವ ಕೆಳಗಿನವ ಎಂಬವರಿದ್ದಾರೆ. ಒಂದೇ ಓಣಿಯ ನಲ್ಲಿಯಲ್ಲಿಯೂ ಇದ್ದಾರೆ. ಈ ಪ್ರಶ್ನೆ ಬರುವದೆಂದು ಮೊದಲೇ ಅರಿತ ಹುಡುಗನು ತನ್ನ ತತ್ತ್ವವನ್ನು ತನ್ನ ಊರಿಗೂ ಅನ್ವಯಿಸಲು ಸಿದ್ಧನಾಗಿ ವೇದಿಕೆ ಹತ್ತುತ್ತಾನೆ. ಅರಿಯದವನು ಅಲ್ಲಿಯೇ ತೊದಲುತ್ತಾನೆ. ನಾಳೆ ಇವರಲ್ಲಿಯೇ ಒಬ್ಬನು ವಕೀಲನಾಗಿ ನ್ಯಾಯಮಂಡಳಿಯ ಮುಂದೆ ನಿಲ್ಲುವನು, ಮತ್ತೊಬ್ಬನು ಪಂಚಾಯತಿಯ ಅಧ್ಯಕ್ಷನಾಗಿ ಪಂಪುಗಳ ತಕರಾರನ್ನು ತೀರಿಸುವನು. ಈ ಭಾಗದ ಅರ್ಜಿಗಳು ಎಷ್ಟೋ ಸಲ ಕಣ್ಣೀರಿನಿಂದ ತುಂಬಿರುತ್ತವೆ, ಎದುರಿನವರ ಯುಕ್ತಿಗೆ ಉತ್ತರವಿಲ್ಲದೆ ಹಿಂದಿರುಗುತ್ತವೆ. ಅದರ ಮೂಲವು ಶಾಲೆಯ ವೇದಿಕೆಯಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.

ತಾನು ನಂಬದ ಪಕ್ಷವನ್ನು ಮಗುವಿನ ಬಾಯಿಂದ ಆಡಿಸುವದು ಸುಳ್ಳು ಕಲಿಸಿದಂತಲ್ಲವೇ ಎಂದು ಹಿರಿಯರು ಕೆಲವರು ಕೇಳುವರು. ಆಕ್ಷೇಪವು ಹೊಸದಲ್ಲ. 1954ರಲ್ಲಿ ಅಮೇರಿಕೆಯ ಕಾಲೇಜುಗಳಲ್ಲಿ ಕಮ್ಯುನಿಸ್ಟ ಚೀನವನ್ನು ಮನ್ನಿಸಬೇಕೆಂಬ ವಿಷಯವು ಚರ್ಚೆಗೆ ಬಂದಾಗ, ಅಲ್ಲಿಯ ಸೈನಿಕ ವಿದ್ಯಾಲಯಗಳು ತಮ್ಮ ಹುಡುಗರು ಅದರಲ್ಲಿ ಸೇರಕೂಡದೆಂದವು; ಶತ್ರುವಿನ ಪರವಾಗಿ ನಾಲಗೆಯಾಡಿದರೆ ಮನಸ್ಸೂ ಆ ಕಡೆಗೆ ವಾಲೀತೆಂಬ ಅಂಜಿಕೆ. ಆಕ್ಸಫರ್ಡದ ವಿದ್ಯಾರ್ಥಿಸಂಘವು 1933ರ ಫೆಬ್ರುವರಿ 9ರಂದು, ರಾಜನಿಗೂ ದೇಶಕ್ಕೂ ತಾವು ಹೋರಾಡುವದಿಲ್ಲವೆಂಬ ಗೊತ್ತುವಳಿಯನ್ನು 275 ಮತಗಳಿಂದ 153ರ ವಿರುದ್ಧ ಪಾಸು ಮಾಡಿದಾಗಲೂ ಇಂಗ್ಲಂಡದಲ್ಲಿ ಹಾಹಾಕಾರವೆದ್ದಿತು. ಆರು ವರ್ಷಗಳ ನಂತರ ಯುದ್ಧ ಬಂದಾಗ ಅಲ್ಲಿಯ ತರುಣರು ಸೈನ್ಯ ಸೇರಲು ಹಿಂದೆಗೆಯಲಿಲ್ಲ. ಸುಳ್ಳೆಂದರೆ ಕೇಳುವವನನ್ನು ಮೋಸಗೊಳಿಸುವದು. ಚೀಟಿಯೆತ್ತಿ ಪಕ್ಷ ಹಂಚಿದ್ದನ್ನು ಸಭೆಯೆಲ್ಲ ಕಂಡಿರುವಾಗ ಮೋಸವೆಲ್ಲಿಯದು? ಆದರೂ ಆಕ್ಷೇಪದಲ್ಲಿ ಒಂದು ಸತ್ಯಾಂಶವಿದೆ. ಯಾವಾಗಲೂ ಪಕ್ಷ ಕಟ್ಟಿಕೊಂಡೇ ಮಾತನಾಡಿದ ಹುಡುಗನು ತನ್ನ ನಂಬಿಗೆ ಯಾವುದೆಂಬುದನ್ನೇ ಮರೆತಾನು. 1993ರಲ್ಲಿ ಚಿಕಾಗೋದ ಇಲಿನಾಯ್ ತಂತ್ರವಿದ್ಯಾಸಂಸ್ಥೆಯಲ್ಲಿ ರಾಬರ್ಟ ಲಾಡೆನ್ಸನ್ನರು ಆರಂಭಿಸಿದ ನೀತಿಸ್ಪರ್ಧೆಯಲ್ಲಿ ಎರಡು ತಂಡಗಳೂ ಒಂದೇ ನಿರ್ಣಯಕ್ಕೆ ಬರಬಹುದು; ವಿಚಾರದ ಆಳಕ್ಕೂ ಎದುರಿನವರ ಮಾತಿಗೆ ಕೊಟ್ಟ ಗಮನಕ್ಕೂ ಅಲ್ಲಿ ಅಂಕ. ನಮ್ಮ ಶಾಲೆಗಳಲ್ಲಿ ಪಕ್ಷದ ಚರ್ಚೆ ಮುಗಿದ ಮೇಲೆ ಪ್ರತಿಯೊಬ್ಬನಿಗೂ ಎರಡು ನಿಮಿಷ ಕೊಟ್ಟು, ನಿನ್ನ ಮನಸ್ಸಿನ ಮಾತೇನು, ಹೇಳೆಂದು ಕೇಳಿದರೆ ಈ ಕೊರತೆ ತುಂಬುವದು.

ಯಾವ ವಿಷಯವನ್ನಾದರೂ ಚರ್ಚೆಗಿಡಬಹುದೆಂದು ಇದರ ಅರ್ಥವಲ್ಲ. ಅಸ್ಪೃಶ್ಯತೆಯು ಇರಬೇಕೇ, ಹೆಣ್ಣುಮಕ್ಕಳಿಗೆ ಓದು ಬೇಕೇ ಎಂದು ಪರ-ವಿರೋಧ ಹಂಚುವದನ್ನು ನಾವು ಸಮ್ಮತಿಸಲಾರೆವು. ಸಂವಿಧಾನದ 17ನೆಯ ಅನುಚ್ಛೇದವು ತೀರಿಸಿಬಿಟ್ಟ ಮಾತನ್ನು, ಕೇರಿಯಿಂದ ಬಂದ ಮಗುವು ಎದುರಿಗೆ ಕುಳಿತಿರುವಾಗ, ಆಟಕ್ಕಾಗಿ ಮತ್ತೆ ತೆರೆಯುವದು ಕ್ರೌರ್ಯ. ಆದರೆ ಆ ಅನಿಷ್ಟವನ್ನು ಅಳಿಸುವ ಮಾರ್ಗ ಯಾವುದೆಂಬುದು ಯೋಗ್ಯವಾದ ಪ್ರಶ್ನೆಯೇ. ಅದರ ಮೇಲೆ ನಡೆದ ದೊಡ್ಡ ಚರ್ಚೆಯೊಂದು ಮಾಸ್ತರರ ಕೈಯಲ್ಲಿ ಇರತಕ್ಕದ್ದು. 1936ರಲ್ಲಿ ಲಾಹೋರದ ಜಾತ-ಪಾತ ತೋಡಕ ಮಂಡಲದವರು ಡಾ. ಅಂಬೇಡಕರರನ್ನು ಅಧ್ಯಕ್ಷತೆಗೆ ಕರೆದು, ಭಾಷಣದ ಪ್ರತಿಯನ್ನು ಕಂಡು ಅಂಜಿ, ಸಮ್ಮೇಲನವನ್ನೇ ರದ್ದುಗೊಳಿಸಿದರು. ಅಂಬೇಡಕರರು ಅದನ್ನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದರು. ಗಾಂಧೀಜಿಯವರು “ಹರಿಜನ” ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದರು. ಮುಂದಿನ ವರ್ಷ ಎರಡನೆಯ ಆವೃತ್ತಿ ಹೊರಟಾಗ ಅಂಬೇಡಕರರು ಗಾಂಧೀಜಿಯವರ ವಿಮರ್ಶೆಯನ್ನು ತಮ್ಮ ಪುಸ್ತಕದಲ್ಲಿಯೇ ಸೇರಿಸಿ, ಅದರ ಕೆಳಗೆ ತಮ್ಮ ಉತ್ತರವನ್ನು ಕೊಟ್ಟರು. ಗಾಂಧೀಜಿಯವರೂ 1934ರಲ್ಲಿ, ಬಿಹಾರದ ಭೂಕಂಪವು ಅಸ್ಪೃಶ್ಯತೆಯ ಪಾಪಕ್ಕೆ ದೈವವಿತ್ತ ದಂಡವೆಂದು ತಾವಾಡಿದ ಮಾತನ್ನು ರವೀಂದ್ರನಾಥರು ಖಂಡಿಸಿದಾಗ, ಆ ಖಂಡನೆಯನ್ನು ತಮ್ಮ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಪೂರ್ವಪಕ್ಷಕ್ಕೆ ತನ್ನ ಮನೆಯಲ್ಲಿಯೇ ಮಣೆ ಹಾಕುವದೆಂದರೆ ಇದು. ಪತ್ರಿಕೆ ನಡೆಸುವ ನಮಗೆ ಇದರ ಬೆಲೆ ಇತರರಿಗಿಂತ ಸ್ವಲ್ಪ ಹೆಚ್ಚಾಗಿಯೇ ತಿಳಿಯುತ್ತದೆ.

ಕೊನೆಗೆ ಅಧಿಕಾರಿಗಳಲ್ಲಿ ನಮ್ಮ ಬಿನ್ನಹ. ವಿಷಯವನ್ನು ಹದಿನೈದು ದಿನ ಮೊದಲೇ ಶಾಲೆಗಳಿಗೆ ತಿಳಿಸಬೇಕು. ಯಾರು ಯಾವ ಪಕ್ಷವೆಂಬುದನ್ನು ವೇದಿಕೆ ಹತ್ತುವ ಅರ್ಧ ಗಂಟೆ ಮೊದಲು ಚೀಟಿಯೆತ್ತಿ ಗೊತ್ತುಮಾಡಬೇಕು. ಆಗ ಎರಡು ಪಕ್ಷಗಳನ್ನೂ ಓದಿಕೊಂಡು ಬರುವದು ಹುಡುಗನಿಗೆ ಅನಿವಾರ್ಯವಾಗುವದು, ಬಾಯಿಪಾಠದ ಭಾಷಣವು ತಾನೇ ಬಿದ್ದುಹೋಗುವದು. ಎದುರಿನವನ ಮಾತನ್ನು ಅವನು ಒಪ್ಪುವಂತೆ ಮರಳಿ ಹೇಳಿದವನಿಗೆ, ಕಂಠಕ್ಕೆ ಕೊಡುವದಕ್ಕಿಂತ ಹೆಚ್ಚು ಅಂಕಗಳಿರಬೇಕು. ನಿರ್ಣಾಯಕರಲ್ಲಿ ಮೂವರೂ ಭಾಷಾಪಂಡಿತರೇ ಆಗಿರುವದು ಬೇಡ. ಒಬ್ಬ ವಕೀಲರೋ, ಊರಿನ ತಕರಾರುಗಳನ್ನು ಬಿಡಿಸಿ ಪಳಗಿದ ಒಬ್ಬ ರೈತರೋ ಇರಲಿ. ಇದಕ್ಕಾಗಿ ಹೊಸ ಹಣದ ಮಂಜೂರಾತಿಯೇನೂ ಬೇಕಾಗಿಲ್ಲ. ಬೆಂಗಳೂರಿನ ಅಪ್ಪಣೆಗಾಗಿ ಕಾಯದೆ ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮುಂದಿನ ಸ್ಪರ್ಧೆಯಿಂದಲೇ ಇದನ್ನು ನಡೆಸಿ ನೋಡಬಹುದು. ಮೊದಲ ವಿಷಯವಾಗಿ ಭೀಮೆಯ ನೀರನ್ನೇ ಇಟ್ಟರೆ, ಅದನ್ನು ಕೇಳಲು ದಂಡೆಯ ಹಳ್ಳಿಗಳ ಹಿರಿಯರೂ ಬಂದು ಕೂಡ್ರುವರು.